ಚಿಕ್ಕವನ ಕಾಟಕ್ಕೆ ದೊಡ್ಡವಳು ಏನು ಮಾಡಬೇಕು?

ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷ ಪಾಠ ಮಾಡಿ ನಿವೃತ್ತಳಾದ ನನ್ನನ್ನು ತಾಯಂದಿರು ಇಂದಿಗೂ ಬಸ್ ನಿಲ್ದಾಣದಲ್ಲಿ, ಮದುವೆಮನೆಯಲ್ಲಿ, ದಿನಸಿ ಅಂಗಡಿಯ ಮುಂದೆ ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತಾರೆ. ಚಿಕ್ಕ ಮಗು ದೊಡ್ಡದರ ಪುಸ್ತಕ ಹರಿಯುತ್ತದೆ, ಜಡೆ ಎಳೆಯುತ್ತದೆ, ಬರೆಯಲು ಕುಳಿತರೆ ಮೈಮೇಲೆ ಬಂದು ಬೀಳುತ್ತದೆ. ದೊಡ್ಡದು ಅಳುತ್ತದೆ, ಇಲ್ಲವೇ ಒಂದೇಟು ಕೊಟ್ಟುಬಿಡುತ್ತದೆ. ಏನು ಮಾಡುವುದು? "ಅವಳಿಗೆ ಸ್ವಲ್ಪ ತಾಳ್ಮೆ ಹೇಳಿಕೊಡಿ ಮೇಡಂ, ನಿಮ್ಮ ಮಾತಾದರೆ ಕೇಳ್ತಾಳೆ" ಎಂಬಲ್ಲಿಗೆ ಅವರ ಮಾತು ಮುಗಿಯುತ್ತದೆ. ತಾಳ್ಮೆಯ ಪಾಠವನ್ನು ನಾನೂ ಬಹಳ ವರ್ಷ ಹೇಳಿದ್ದೇನೆ. ಐದನೇ ತರಗತಿಯ ಒಬ್ಬ ಹುಡುಗಿ ಅದನ್ನು ಬಿಡಿಸಿದಳು.

ಒಂದು ಸೋಮವಾರ ಅವಳು ಪರಿಸರ ಅಧ್ಯಯನದ ನೋಟ್‌ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು ಏನೂ ಹೇಳದೆ ನಿಂತಳು. ಹಿಂದಿನ ವಾರ ಅವಳು ಬರೆದಿದ್ದ ಜಿಲ್ಲೆಯ ನಕ್ಷೆಯನ್ನು ನಾನು ತರಗತಿಗೆಲ್ಲ ತೋರಿಸಿದ್ದೆ. ನಂದಿಬೆಟ್ಟದಿಂದ ಹೊರಡುವ ಉತ್ತರ ಪಿನಾಕಿನಿಯನ್ನು ನೀಲಿ ಸ್ಕೆಚ್ ಪೆನ್ನಿನಲ್ಲಿ ಅಷ್ಟು ಚೆಂದವಾಗಿ ಎಳೆದಿದ್ದಳು. ಈಗ ಆ ಹಾಳೆ ಬಿಸಿಲಿನಲ್ಲಿ ಒಣಗಿಸಿದ ಹಪ್ಪಳದಂತೆ ಸೆಟೆದುಕೊಂಡಿತ್ತು, ನೀಲಿ ಬಣ್ಣ ಗೌರಿಬಿದನೂರಿನವರೆಗೂ ಹರಡಿಕೊಂಡಿತ್ತು. ಮೂರು ತುಂಬಿದ ಅವಳ ತಮ್ಮ ಆ ಪುಸ್ತಕವನ್ನು ನೀರಿನ ಡ್ರಮ್ಮಿಗೆ ಹಾಕಿದ್ದನಂತೆ. "ನೀನು ದೊಡ್ಡವಳಲ್ವೇನಮ್ಮಾ, ಎತ್ತಿಡಬೇಕಾಗಿತ್ತು" ಎಂದು ನಾನು ಎಲ್ಲರೂ ಹೇಳುವುದನ್ನೇ ಹೇಳಿದೆ. ಅವಳು ತಲೆ ಎತ್ತಿ ನನ್ನನ್ನು ನೋಡಿ, "ಎಲ್ಲಿ ಎತ್ತಿಡಲಿ ಮಿಸ್?" ಎಂದಳು. ಅದರಲ್ಲಿ ಎದುರುತ್ತರದ ಧಾಟಿ ಇರಲಿಲ್ಲ. ಅವಳಿಗೆ ನಿಜವಾಗಿಯೂ ಉತ್ತರ ಬೇಕಾಗಿತ್ತು.

ಆ ಸಂಜೆ ಅವರ ಮನೆಗೆ ಹೋದೆ. ಅವರು ಸಾಕಿದ್ದ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಎಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಐದನೇ ಹಂತಕ್ಕೆ ಬಂದಿದ್ದ ದಿನಗಳು. ರೇಷ್ಮೆ ಸಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುವುದಾದರೆ, ಹುಳು ತನ್ನ ಜೀವಮಾನದಲ್ಲಿ ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚನ್ನು ಈ ಕೊನೆಯ ಸುಮಾರು ಏಳು ದಿನಗಳಲ್ಲಿಯೇ ತಿನ್ನುತ್ತದೆ. ತೋಟದಿಂದ ಸೊಪ್ಪು ಕೊಯ್ದು ತರುವುದು, ಹಾಕುವುದು, ಹುಳು ಹಣ್ಣಾದ ಮೇಲೆ ಹಗಲು ರಾತ್ರಿ ಎನ್ನದೆ ಒಂದೊಂದನ್ನೇ ಆರಿಸಿ ಅದು ರೇಷ್ಮೆಗೂಡು ಕಟ್ಟುವ ಚಂದ್ರಿಕೆಗೆ ಬಿಡುವುದು, ಇವುಗಳ ನಡುವೆ ತಂದೆತಾಯಿಗೆ ಊಟಕ್ಕೂ ಬಿಡುವಿರುವುದಿಲ್ಲ. ಚಿಕ್ಕ ಮಗು ಅಕ್ಕನ ಪಾಲಾಗುವುದು ಆಗಲೇ. ನನ್ನ ಅನುಭವದಲ್ಲಿ "ಚಿಕ್ಕವನ ಕಾಟ"ದ ದೂರುಗಳು ಹೆಚ್ಚಾಗಿ ಬರುತ್ತಿದ್ದುದೂ ಬೆಳೆಯ ಕೊನೆಯ ವಾರದಲ್ಲಿಯೇ. ತಾಯಿ ಎದುರಿಗೆ ಇದ್ದೂ ಸಿಗದ ಆ ವಾರದಲ್ಲಿ ಮೂರು ವರ್ಷದ ಹುಡುಗ ತನ್ನ ಹಸಿವು, ನಿದ್ದೆ, ಸಿಟ್ಟು ಎಲ್ಲವನ್ನೂ ಕೈಗೆ ಸಿಗುವ ಒಬ್ಬಳ ಮೇಲೆ ತೀರಿಸಿಕೊಳ್ಳುತ್ತಾನೆ.

ಮನೆಯೊಳಗೆ ನೋಡಿದೆ. ಅವಳ ಚೀಲ ಮೂಲೆಯಲ್ಲಿ, ನೆಲದ ಮೇಲಿತ್ತು. ಬೀರುವಿನ ಬೀಗದ ಕೈ ತಾಯಿಯ ಬಳಿ. ಅಟ್ಟ ಅವಳಿಗೆ ಎಟುಕದು. ಗೋಡೆಯ ಗೂಡಿನಲ್ಲಿ ಹಳೆಯ ಚೀಟಿಗಳು, ಸವೆದ ಟಾರ್ಚು, ಔಷಧದ ಖಾಲಿ ಬಾಟಲಿಗಳು ತುಂಬಿಕೊಂಡಿದ್ದವು. ಮನೆಯಲ್ಲಿ ಎಲ್ಲರ ವಸ್ತುವಿಗೂ ಒಂದು ನೆಲೆ ಇತ್ತು, ತಮ್ಮನ ಬಟ್ಟೆಗೆ ಕೂಡ ಒಂದು ಬುಟ್ಟಿ ಇತ್ತು. ಅವಳಿಗೆ ಮಾತ್ರ ಇರಲಿಲ್ಲ, ಮತ್ತು ಅದನ್ನು ಯಾರೂ ಬೇಕೆಂದು ಮಾಡಿರಲಿಲ್ಲ.

ತಾಯಿ ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದರು. ಗೂಡನ್ನು ಖಾಲಿ ಮಾಡಿ ಇವಳಿಗೆ ಕೊಡಿ, ಅದರ ಪಕ್ಕದಲ್ಲಿ ಒಂದು ಮೊಳೆ ಹೊಡೆಯಿರಿ, ಅದರಲ್ಲಿರುವುದನ್ನು ಇವಳನ್ನು ಕೇಳದೆ ನೀವೂ ತೆಗೆಯಬೇಡಿ ಎಂದೆ. ಇಷ್ಟಕ್ಕೇನು ಎಂಬಂತೆ ಅವರು ನಕ್ಕರು. ಎರಡನೆಯದನ್ನು ಹೇಳಿದಾಗ ನಗು ನಿಂತಿತು: ದಿನಕ್ಕೆ ಅರ್ಧ ಗಂಟೆ ಚಿಕ್ಕವನನ್ನು ನೀವು ಹುಳುಮನೆಯ ಬಾಗಿಲಲ್ಲಾದರೂ ನಿಮ್ಮ ಕಣ್ಣೆದುರಿಗೆ ಕೂರಿಸಿಕೊಳ್ಳಿ, ಆ ಹೊತ್ತು ಇವಳು ಬರೆಯಲಿ, ಮತ್ತು ಇವಳು "ಅಮ್ಮಾ" ಎಂದು ಕೂಗಿದರೆ ಕೈಯಲ್ಲಿ ಏನಿದ್ದರೂ ಬಿಟ್ಟು ಒಮ್ಮೆ ಬನ್ನಿ.

ಹುಡುಗಿಗೂ ನಾನು ಕೆಲವು ಮಾತು ಹೇಳಿದೆ, ಏಕೆಂದರೆ ದೊಡ್ಡವರು ಬದಲಾಗುವವರೆಗೆ ಮಗು ಕಾಯುತ್ತಾ ಕೂರಲಾಗದು. ಎರಡು ಮೂರು ವರ್ಷದ ಮಗುವಿಗೆ "ಇದು ಅಕ್ಕನದು, ಹಾಳಾದರೆ ಅವಳಿಗೆ ನೋವಾಗುತ್ತದೆ" ಎಂಬುದು ನಮಗೆ ತಿಳಿದಂತೆ ತಿಳಿಯದು. ಇನ್ನೊಬ್ಬರ ಮನಸ್ಸಿನಲ್ಲಿ ತನ್ನದಲ್ಲದ ಬೇರೊಂದು ಯೋಚನೆ ಇರಬಹುದೆಂಬ ಅರಿವು ಬಲಿಯುವುದು ಸಾಮಾನ್ಯವಾಗಿ ನಾಲ್ಕು, ಐದನೇ ವಯಸ್ಸಿನಲ್ಲಿ. ಹಾಗಾಗಿ ಉದ್ದ ಬುದ್ಧಿವಾದ ವ್ಯರ್ಥ. "ಇದು ಅಕ್ಕಂದು, ಇದು ನಿಂದು" ಎಂದು ಎರಡೇ ಮಾತಾಡಿ ಅವನ ಕೈಗೆ ಅವನದೇ ಹಳೆಯ ಸ್ಲೇಟು, ಬಳಪ ಕೊಡುವುದು ಒಳ್ಳೆಯದು. ಆಮೇಲೂ ಬಿಡದಿದ್ದರೆ ಎದ್ದು ಹೋಗುವುದು, ದೊಡ್ಡವರನ್ನು ಕೂಗುವುದು. ಹೊಡೆಯಬಾರದು. ಆದರೆ ಹೊಡೆಯಬೇಕೆನಿಸಿದ್ದಕ್ಕೆ ತಾನು ಕೆಟ್ಟವಳೆಂದು ಅವಳು ಕೊರಗುವುದೂ ಬೇಡ. ಅಷ್ಟು ಕಷ್ಟಪಟ್ಟು ಬರೆದ ನಕ್ಷೆ ನೀರುಪಾಲಾದರೆ ಯಾರಿಗೂ ಸಿಟ್ಟು ಬರುತ್ತದೆ.

ಕೊನೆಗೆ, "ಅವನು ಯಾಕೆ ಹಾಗೆ ಮಾಡಿದ, ನಿನಗೇನನ್ನಿಸುತ್ತೆ?" ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ ಅವಳು, "ಬರೆಯೋವಾಗ ನಾನು ಅವನ ಕಡೆ ನೋಡಲ್ಲ ಮಿಸ್, ಅದಕ್ಕೆ" ಎಂದಳು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೂಡಿ ಡನ್ ಮತ್ತು ಕ್ಯಾರಲ್ ಕೆಂಡ್ರಿಕ್ ಎಂಬ ಮನೋವಿಜ್ಞಾನಿಗಳು ಎರಡನೇ ಮಗು ಹುಟ್ಟಿದ 40 ಕುಟುಂಬಗಳನ್ನು ಹತ್ತಿರದಿಂದ ಗಮನಿಸಿ 1982ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಹಸುಗೂಸಿಗೆ ಏನು ಬೇಕಾಗಿರಬಹುದು, ಅದು ಏಕೆ ಅಳುತ್ತಿದೆ ಎಂದು ತಾಯಿ ಮೊದಲ ಮಗುವಿನೊಂದಿಗೆ ಮಾತಾಡುತ್ತಿದ್ದ ಮನೆಗಳಲ್ಲಿ ಮುಂದೆ ಆ ಇಬ್ಬರ ನಡುವೆ ಸ್ನೇಹ ಹೆಚ್ಚಿದ್ದುದು ಅವರಿಗೆ ಕಂಡುಬಂತು. ಅವನು ಚಿಕ್ಕವನು, ಬಿಟ್ಟುಬಿಡು ಎಂದಾಗ ದೊಡ್ಡ ಮಗುವಿನ ಬಾಯಿ ಮುಚ್ಚುತ್ತದೆ. ಅವನಿಗೆ ಏನಾಗಿರಬಹುದು, ಹೇಳು ಎಂದು ಕೇಳಿದರೆ ಅದು ಯೋಚಿಸುತ್ತದೆ, ಮತ್ತು ಎಷ್ಟೋ ಸಲ ನಮಗಿಂತ ಸರಿಯಾಗಿ ಹೇಳುತ್ತದೆ.

"ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು" ಎಂಬ ಗಾದೆಯನ್ನು ಇಂಥ ಜಗಳಗಳಿಗೆ ವಿವರಣೆಯೆಂಬಂತೆ ಹೇಳುವವರಿದ್ದಾರೆ. ದಾಯಾದಿತನ ತಾನಾಗಿ ಬೆಳೆಯುವುದಿಲ್ಲ. ಒಂದು ಮಗುವಿನ ದೂರನ್ನು "ಚಾಡಿ ಹೇಳಬೇಡ" ಎಂದು ಪ್ರತಿ ಬಾರಿಯೂ ತಳ್ಳಿಹಾಕಿದಾಗ ಅದಕ್ಕೆ ನೀರೆರೆದಂತಾಗುತ್ತದೆ ಎಂದು ನಾನು ನಂಬಿದ್ದೇನೆ.

ಇನ್ನೊಂದು ವಿಷಯ. ಚಿಕ್ಕ ಮಗುವಿನ ಹಟ ವಯಸ್ಸಿಗೆ ಮೀರಿದಂತೆ ಕಂಡರೆ, ಕರೆದರೆ ತಿರುಗದಿದ್ದರೆ, ಮಾತು ತಡವಾಗಿದ್ದರೆ ಅದನ್ನು ತುಂಟತನವೆಂದು ಬಿಡಬಾರದು. ಅಕ್ಕನನ್ನು ಕಚ್ಚುತ್ತಿದ್ದ ಒಬ್ಬ ಹುಡುಗನ ಕಿವಿ ಸೋರುತ್ತಿತ್ತು, ಅವನಿಗೆ ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ. ಚಿಕಿತ್ಸೆಯಾದ ಮೇಲೆ ಕಚ್ಚುವುದು ಕಡಿಮೆಯಾಯಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು ಎಂಬ ನಿಯಮವಿದೆ. ಮೂರು ತುಂಬಿದ ಮಗುವನ್ನು ತಪ್ಪದೆ ಅಂಗನವಾಡಿಗೆ ಕಳಿಸಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಅಕ್ಕನಿಗೂ ಅಷ್ಟು ಹೊತ್ತು ಬಿಡುವು.

ಇನ್ನು ಒಂದು ಮಾತಿನಲ್ಲಿ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ. ನಮ್ಮ ಕಡೆ ತೋಟತೋಟದಲ್ಲೂ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಗಳಿವೆ. ಜಾರಿ ಬಿದ್ದರೆ ದೊಡ್ಡವರೂ ಆ ಹಾಳೆಯ ಮೇಲೆ ಕಾಲೂರಿ ಹತ್ತಿ ಬರುವುದು ಕಷ್ಟ. ಹುಳುಮನೆಯಲ್ಲಿ ಸೋಂಕು ತಡೆಯಲು ಬಳಸುವ ಸುಣ್ಣ, ಬ್ಲೀಚಿಂಗ್ ಪುಡಿ, ಫಾರ್ಮಲಿನ್ ಇರುತ್ತವೆ. ಇಂಥ ಕಡೆ ಹತ್ತು ವರ್ಷದ ಹುಡುಗಿಯ ಕೈಗೆ ಓಡಾಡುವ ಮಗುವನ್ನು ಒಪ್ಪಿಸಿ "ನೋಡ್ಕೋ" ಎಂದು ಹೋಗಬೇಡಿ. ಹೊಂಡಕ್ಕೆ ಬೇಲಿ ಹಾಕುವುದು, ಔಷಧವನ್ನು ಬೀಗದೊಳಗಿಡುವುದು ದೊಡ್ಡವರ ಹೊಣೆ. ಏನಾದರೂ ಅನಾಹುತವಾದರೆ ಆ ಹುಡುಗಿ ಬದುಕಿಡೀ ಹೊರುವ ಭಾರವನ್ನು ಇಳಿಸಿಕೊಡಲು ಯಾರಿಂದಲೂ ಆಗುವುದಿಲ್ಲ.

ಮುಂದಿನ ಬೆಳೆಯ ಹೊತ್ತಿಗೆ ನಾನು ಮತ್ತೆ ಆ ಮನೆಗೆ ಹೋದೆ. ಗೂಡಿನಲ್ಲಿ ಅವಳ ಪುಸ್ತಕಗಳಿದ್ದವು, ಮೊಳೆಗೆ ಚೀಲ ನೇತುಹಾಕಿತ್ತು. ನಾನು ಕುಳಿತಿದ್ದಾಗಲೇ ಹುಡುಗ ಒಂದು ಮಣೆಯನ್ನು ದರದರ ಎಳೆದು ತಂದು, ಗೂಡಿನ ಕೆಳಗಿಟ್ಟು, ಹತ್ತಿ ಕೈ ಚಾಚಿದ. ಅವಳು ಅವನನ್ನು ಸೊಂಟ ಹಿಡಿದು ಕೆಳಗಿಳಿಸಿ "ಅಮ್ಮಾ" ಎಂದು ಕೂಗಿದಳು. ಹುಳುಮನೆಯಿಂದ "ಬಂದೆ" ಎಂಬ ದನಿ ಕೇಳಿಸಿತು. ಸ್ವಲ್ಪ ಹೊತ್ತಿಗೆ ತಾಯಿ ತಲೆಗೂದಲಿಗೆ ಸೊಪ್ಪಿನ ಚೂರು ಅಂಟಿಸಿಕೊಂಡೇ ಬಂದು ಅವನನ್ನು ಎತ್ತಿಕೊಂಡು ಹೋದರು.