ಹೆಸರು ಹುಡುಕುವ ಆಟದಲ್ಲಿ ಸಂಗೀತ ಎಲ್ಲಿದೆ?

ಗೆಳೆಯರ ಜೊತೆ ಆನ್‌ಲೈನ್‌ನಲ್ಲಿ ಕರ್ನಾಟಕ ಸಂಗೀತದ ಅಕ್ಷರ ಕ್ವಿಜ್ ಆಡುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. "ಅಷ್ಟು ಹೊತ್ತು ಸಂಗೀತವನ್ನೇ ಕೇಳಬಹುದಲ್ವಾ? ರಾಗದ ಹೆಸರು, ಅಂಕಿತ ಎಲ್ಲ ಬಾಯಿಪಾಠ ಮಾಡಿದರೆ ಸಂಗೀತ ಬರುತ್ತಾ?" ಹೀಗೆ ಕೇಳುವವರಲ್ಲಿ ಚೆನ್ನಾಗಿ ಹಾಡುವವರೂ ಇದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಕೂತು ಸರಿಯಾಗಿ ಉತ್ತರ ಬರೆಯೋಣ ಅನ್ನಿಸಿತು.

ಮೊದಲು ಆಟ ಏನು ಅಂತ ಹೇಳಿಬಿಡುತ್ತೇನೆ. ಒಬ್ಬರು ಸುಳಿವು ಕೊಡುತ್ತಾರೆ. ಉತ್ತರ 'ಅ'ದಿಂದ ಶುರುವಾಗಬೇಕು. ಬಿಡಿಸಿದವರು ಮುಂದಿನ ಅಕ್ಷರಕ್ಕೆ ಸುಳಿವು ಕೊಡಬೇಕು. ಹೀಗೇ 'ಹ' ತನಕ. ಉತ್ತರ ರಾಗವಾಗಿರಬಹುದು, ಕೃತಿ, ತಾಳ, ವಾದ್ಯ, ಅಂಕಿತ ಏನು ಬೇಕಾದರೂ ಆಗಬಹುದು. ಙ, ಞ, ಣ ಇವುಗಳಿಂದ ಯಾವ ಹೆಸರೂ ಶುರುವಾಗುವುದಿಲ್ಲ, ಅವನ್ನು ದಾಟಿ ಹೋಗುತ್ತೇವೆ. ಇಷ್ಟೇ.

ಈಗ ನನ್ನ ಉತ್ತರ. ಸುಳಿವು ಚೆನ್ನಾಗಿದ್ದರೆ ಹಾಡದೆ ಬಿಡಿಸೋಕೆ ಆಗುವುದಿಲ್ಲ. ನಮ್ಮ ಗುಂಪಿನಲ್ಲಿ ವೀಣೆ ನುಡಿಸುವವರೊಬ್ಬರು 'ಹ' ಅಕ್ಷರಕ್ಕೆ ಕೊಟ್ಟ ಸುಳಿವು ಇದು: "ಮೋಹನದ ಗಾಂಧಾರದಲ್ಲಿ ಹೋಗಿ ಕೂತುಕೊಳ್ಳಿ, ನಾನು ಸಿಗುತ್ತೇನೆ." ಮೋಹನ ರಾಗಕ್ಕೆ ಐದೇ ಸ್ವರ: ಸ, ರಿ, ಗ, ಪ, ದ. ಅದರ ಗಾಂಧಾರವನ್ನೇ (ಗ) ಷಡ್ಜ (ಸ) ಅಂದುಕೊಂಡು ಅದೇ ಐದು ಸ್ವರಗಳನ್ನು ಹಾಡಬೇಕು. ಕೀಬೋರ್ಡ್ ಇದ್ದವರು ಈಗಲೇ ನೋಡಬಹುದು. ಬರೀ ಕಪ್ಪು ಕೀಗಳನ್ನು ಒತ್ತಿ. ಮೂರು ಕಪ್ಪು ಕೀ ಒಟ್ಟಿಗೆ ಇರುವ ಕಡೆ ಮೊದಲನೆಯದನ್ನು ಷಡ್ಜ ಮಾಡಿಕೊಂಡರೆ ಮೋಹನ. ಆ ಮೂರರಲ್ಲಿ ಕೊನೆಯದನ್ನು ಷಡ್ಜ ಮಾಡಿಕೊಂಡರೆ? ಪಂಚಮವೇ ಇಲ್ಲದ ಇನ್ನೊಂದು ರಾಗ ಬಂದಿರುತ್ತದೆ. ಅದೇ ಹಿಂದೋಳ. ಇದಕ್ಕೆ ಗ್ರಹಭೇದ ಅನ್ನುತ್ತಾರೆ. ಮೋಹನದ ರಿಷಭದಲ್ಲಿ ಮಧ್ಯಮಾವತಿ ಸಿಗುತ್ತದೆ, ಪಂಚಮದಲ್ಲಿ ಶುದ್ಧ ಸಾವೇರಿ, ಧೈವತದಲ್ಲಿ ಶುದ್ಧ ಧನ್ಯಾಸಿ. ಪಟ್ಟಿ ನೋಡಿ ಉತ್ತರ ಬರೆಯುವವರು ಬರೆಯಲಿ. ಆ ಹೊತ್ತು ನಾವಂತೂ ಗುನುಗುತ್ತಾ ಇದ್ದೆವು. ಆಧಾರ ಒಂದು ಬದಲಾದರೆ ಅದೇ ಐದು ಸ್ವರ ಎಷ್ಟು ಬೇರೆಯಾಗಿ ಕೇಳುತ್ತದೆ ಅಂತ ಗಂಟಲಿಗೇ ಗೊತ್ತಾಗಬೇಕು.

ಇನ್ನು, ಹೆಸರು ಅಂದರೆ ಬರೀ ಹೆಸರು ಅನ್ನುವ ಮಾತು ನಮ್ಮ ಸಂಗೀತಕ್ಕೆ ಒಪ್ಪುವುದೇ ಇಲ್ಲ. 72 ಮೇಳಕರ್ತ ರಾಗಗಳನ್ನೇ, ಅಂದರೆ ಏಳೂ ಸ್ವರ ಇರುವ ಮೂಲ ರಾಗಗಳನ್ನೇ ತೆಗೆದುಕೊಳ್ಳಿ. ಅಕ್ಷರಗಳಿಗೆ ಅಂಕಿ ಕೊಡುವ ಕಟಪಯಾದಿ ಪದ್ಧತಿಯಲ್ಲಿ ಹೆಸರಿನ ಮೊದಲ ಎರಡು ಅಕ್ಷರಗಳಲ್ಲೇ ರಾಗದ ನಂಬರ್ ಇದೆ. ಕ, ಟ, ಪ, ಯ ಈ ನಾಲ್ಕರಿಂದಲೂ ಒಂದು, ಎರಡು ಅಂತ ಎಣಿಸುತ್ತಾ ಹೋಗಬೇಕು. ಬಂದ ಎರಡು ಅಂಕಿಗಳನ್ನು ತಿರುಗಿಸಿ ಓದಬೇಕು. ಮಾಯಾಮಾಳವಗೌಳದಲ್ಲಿ 'ಮ' 5, 'ಯ' 1. ತಿರುಗಿಸಿದರೆ 15. ಈ 15 ಸುಮ್ನೆ ಕ್ರಮಸಂಖ್ಯೆ ಅಲ್ಲ. 36ರ ಒಳಗಿದೆ, ಆದ್ದರಿಂದ ಮಧ್ಯಮದ ಎರಡು ಬಗೆಗಳಲ್ಲಿ ಶುದ್ಧ ಮಧ್ಯಮ (36 ದಾಟಿದರೆ ಪ್ರತಿ ಮಧ್ಯಮ). ಆರಾರು ರಾಗಗಳ ಚಕ್ರಗಳಲ್ಲಿ ಮೂರನೆಯದರಲ್ಲಿದೆ, ಆದ್ದರಿಂದ ಶುದ್ಧ ರಿಷಭ, ಅಂತರ ಗಾಂಧಾರ. ಆ ಚಕ್ರದಲ್ಲೂ ಮೂರನೆಯದು, ಆದ್ದರಿಂದ ಶುದ್ಧ ಧೈವತ, ಕಾಕಲಿ ನಿಷಾದ. ಎರಡು ಅಕ್ಷರ ಕೊಟ್ಟರೆ ಇಡೀ ಆರೋಹಣ ಕೈಗೆ ಬಂತು. ಇದಕ್ಕೆ 36 ಸೇರಿಸಿ 51 ಮಾಡಿದರೆ ಮಧ್ಯಮ ಒಂದು ಬದಲಾಗಿ ಕಾಮವರ್ಧಿನಿ ಆಗುತ್ತದೆ. ಹೆಸರಿನಲ್ಲಿ ಸಂಗೀತ ಇಲ್ಲ ಅಂತ ಹೇಗೆ ಹೇಳೋದು?

ಅಕ್ಷರದ ಆಟಕ್ಕೂ ಕಟಪಯಾದಿಗೂ ಡಿಕ್ಕಿಯಾದಾಗ ನನಗೆ ಜಾಸ್ತಿ ಖುಷಿ. ಒಮ್ಮೆ 'ಋ' ಅಕ್ಷರಕ್ಕೆ ಸುಳಿವು ಬಂತು: "ಚಾರುಕೇಶಿಯ ಮಧ್ಯಮ ಬದಲಿಸಿ." ಚಾರುಕೇಶಿ 26ನೇ ಮೇಳ, ಪ್ರತಿ ಮಧ್ಯಮ ಹಾಕಿದರೆ 62. ಒಬ್ಬರು 'ಋಷಭಪ್ರಿಯ' ಅಂತ ಬರೆದರು. ಸರಿ ಅನ್ನುವಷ್ಟರಲ್ಲಿ ಇನ್ನೊಬ್ಬರು ತಡೆದರು. ಕಟಪಯಾದಿಯಲ್ಲಿ ಅ, ಆ, ಇ ಇಂಥ ಸ್ವರಾಕ್ಷರಕ್ಕೆ ಬೆಲೆ ಸೊನ್ನೆ. 'ಋ' ಸೊನ್ನೆ, 'ಷ' 6, ತಿರುಗಿಸಿದರೆ 60. 60ನೇ ಮೇಳ ನೀತಿಮತಿ! 62 ಬರಬೇಕಾದರೆ ರಾಗದ ಹೆಸರು 'ರಿ' ಅಂತಲೇ ಶುರುವಾಗಬೇಕು: ರಿಷಭಪ್ರಿಯ. ಅಲ್ಲಿಂದ ಮಾತು ಎಲ್ಲೆಲ್ಲೋ ಹೋಯಿತು. ನಟಭೈರವಿ ಅಂತ ಬರೆದರೆ 'ನ' 0 ('ಟ'ದಿಂದ ಎಣಿಸಿದರೆ ಹತ್ತನೆಯದು, ಅದಕ್ಕೆ ಸೊನ್ನೆ), 'ಟ' 1, ತಿರುಗಿಸಿದರೆ 10 ಆಗುತ್ತದೆ, ಅದು ನಾಟಕಪ್ರಿಯದ ಜಾಗ. 20 ಬರಬೇಕಾದರೆ ನಠಭೈರವಿ ಅಂತ ಬರೆಯಬೇಕು. ಸಿಂಹೇಂದ್ರಮಧ್ಯಮದಲ್ಲಿ 'ಹ' ಲೆಕ್ಕಕ್ಕೆ ಹಿಡಿದರೆ 87 ಬರುತ್ತದೆ, ಅಂಥ ಮೇಳವೇ ಇಲ್ಲ. ಅಲ್ಲಿ ಅನುಸ್ವಾರದ (ಂ) ಒಳಗಿರುವ 'ಮ'ಕಾರವನ್ನು ಹಿಡಿದು 57 ಅನ್ನಬೇಕು. ಆದರೆ ಝಂಕಾರಧ್ವನಿಯಲ್ಲಿ ಅನುಸ್ವಾರ ಬಿಟ್ಟು 'ಕ' ಹಿಡಿಯಬೇಕು, ಆಗ 19. ಕೊನೆಗೆ ನಮ್ಮ ಆಟದಿಂದ 'ಋ' ಅಕ್ಷರವನ್ನೇ ಕೈಬಿಟ್ಟೆವು. ಒಂದು ರಾಗದ ಹೆಸರು ಉಸೇನಿಯೋ ಹುಸೇನಿಯೋ ಅನ್ನುವ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಅದನ್ನು 'ಉ'ದಲ್ಲೂ ಒಪ್ಪುತ್ತೇವೆ, 'ಹ'ದಲ್ಲೂ ಒಪ್ಪುತ್ತೇವೆ.

ಅಕ್ಷರದ ಪ್ರಕಾರ ಜೋಡಿಸುವುದರಿಂದ ಇನ್ನೊಂದು ಲಾಭ ಇದೆ. ಕೃತಿಗಳನ್ನು ನಾವು ಯಾವಾಗಲೂ ರಾಗದ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುತ್ತೇವೆ. ಅವನ್ನು ಮೊದಲ ಅಕ್ಷರದ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿ ನೋಡಿ, ವಾಗ್ಗೇಯಕಾರರ (ಸಾಹಿತ್ಯ, ಸಂಗೀತ ಎರಡನ್ನೂ ಕಟ್ಟಿದವರ) ಮಾತಿನ ರೀತಿಯೇ ಕಾಣುತ್ತದೆ. 'ಎ' ಬಂತು ಅಂದರೆ ತ್ಯಾಗರಾಜರು ಮುತ್ತಿಕೊಳ್ಳುತ್ತಾರೆ. ಹರಿಕಾಂಭೋಜಿಯ 'ಎಂದುಕು ನಿರ್ದಯ', ತೋಡಿಯ 'ಎಂದುಕು ದಯ ರಾದುರಾ', ಕಾಂಭೋಜಿಯ 'ಎವರಿ ಮಾಟ', ಮೋಹನದ 'ಎವರೂರಾ'. ತೆಲುಗಿನಲ್ಲಿ ಯಾಕೆ, ಯಾರು, ಎಷ್ಟು ಅನ್ನುವ ಪದಗಳೆಲ್ಲ 'ಎ'ದಲ್ಲೇ ಶುರು. ರಾಮನನ್ನು ನಿಲ್ಲಿಸಿಕೊಂಡು ಕೇಳುತ್ತಲೇ ಇರುವ ಮನುಷ್ಯ ಅವರು. ಮುತ್ತುಸ್ವಾಮಿ ದೀಕ್ಷಿತರು 'ಶ'ದಲ್ಲಿ ತುಂಬಿಕೊಂಡಿದ್ದಾರೆ, ಅಷ್ಟು ಕೃತಿಗಳು 'ಶ್ರೀ' ಅಂತ ಶುರುವಾಗುತ್ತವೆ. ಅವರು ಕೇಳುವುದು ಕಡಿಮೆ, ದೇವರ ಮುಂದೆ ನಿಂತು ವರ್ಣಿಸುವುದು ಜಾಸ್ತಿ. ಕಮಲಾಂಬಾ ದೇವಿಯ ಮೇಲೆ ಅವರು ರಚಿಸಿದ ನವಾವರಣ ಕೃತಿಗಳಲ್ಲಿ ಸುಳಿವು ಮಾಡೋದು ಕಷ್ಟ. ಹೆಸರು ಒಂದೇ, ಬದಲಾಗುವುದು ವಿಭಕ್ತಿ. 'ಕಮಲಾಂಬಾ' ಅಂದರೆ ಆನಂದಭೈರವಿ ರಾಗ, 'ಕಮಲಾಂಬಾಂ' ಅಂದರೆ ಕಲ್ಯಾಣಿ, 'ಕಮಲಾಂಬಿಕಾಯೈ' ಅಂದರೆ ಕಾಂಭೋಜಿ. ಕನ್ನಡದ ದಾಸರು 'ಯಾ' ಮತ್ತು 'ಬಾ'ದಲ್ಲಿ ಸಿಗುತ್ತಾರೆ. ಪುರಂದರದಾಸರು 'ಯಾರೇ ರಂಗನ' ಅಂತ ಕೇಳುತ್ತಾರೆ, ಕನಕದಾಸರು 'ಬಾರೋ ಕೃಷ್ಣಯ್ಯ' ಅಂತ ಕರೆಯುತ್ತಾರೆ. ಈ ಹಾಡುಗಳೆಲ್ಲ ನನಗೆ ಮೊದಲಿಂದ ಗೊತ್ತಿದ್ದವೇ. ಆದರೆ ಒಬ್ಬರು ಕೇಳುವವರು, ಒಬ್ಬರು ವರ್ಣಿಸುವವರು, ಇನ್ನೊಬ್ಬರು ಕರೆಯುವವರು ಅಂತ ತೋರಿಸಿಕೊಟ್ಟದ್ದು ಅಕ್ಷರ.

ಅಪರೂಪದ ಅಕ್ಷರಗಳದ್ದು ಬೇರೆಯೇ ಕಥೆ. 'ಠ' ಬಂದರೆ ಹಳೇ ಶಾಸ್ತ್ರಕ್ಕೆ ಹೋಗಲೇಬೇಕು. ಶಾಸ್ತ್ರಕಾರ ವೆಂಕಟಮಖಿಯ ಚತುರ್ದಂಡಿಯಲ್ಲಿ, ಅಂದರೆ ಸಂಗೀತದ ನಾಲ್ಕು ಬಗೆಗಳಲ್ಲಿ, ಗೀತ, ಪ್ರಬಂಧ, ಆಲಾಪದ ಜೊತೆಗೆ 'ಠಾಯ' ಇದೆ. 'ಝ'ಕ್ಕೆ ಝಂಪೆ ತಾಳ ಇದೆ. 'ಫ'ಕ್ಕೆ ಎಲ್ಲರೂ ತಲೆ ಕೆರೆದುಕೊಂಡಾಗ ಒಬ್ಬರು ಫಲಮಂಜರಿ ಅಂದರು. ನಮ್ಮಲ್ಲಿ ಹೆಚ್ಚಿನವರು ಅದನ್ನು ಕೇಳಿಯೇ ಇರಲಿಲ್ಲ. ತ್ಯಾಗರಾಜರ 'ಸನಾತನ ಪರಮಪಾವನ' ಇರುವುದು ಆ ರಾಗದಲ್ಲೇ. ಸಂಜೆಯೆಲ್ಲ ಅದನ್ನೇ ಬೇರೆ ಬೇರೆಯವರ ಗಾಯನದಲ್ಲಿ ಕೇಳಿದೆವು. ಕಚೇರಿಗಳಲ್ಲಿ ಕಲ್ಯಾಣಿ, ತೋಡಿ, ಭೈರವಿ ತಾವಾಗಿಯೇ ಬರುತ್ತವೆ. ಫಲಮಂಜರಿಯನ್ನು ನಾವೇ ಹುಡುಕಿಕೊಂಡು ಹೋಗಬೇಕು, 'ಫ' ನಮ್ಮನ್ನು ಕಳಿಸಿತು.

ಎಲ್ಲ ಸುಳಿವುಗಳೂ ಚೆನ್ನಾಗಿರುತ್ತವೆ ಅಂತ ನಾನು ಹೇಳುವುದಿಲ್ಲ. "1762ರಲ್ಲಿ ಹುಟ್ಟಿದವರು ಯಾರು?" ಅಂತ ಕೇಳಿದರೆ ನನಗೆ ಬೇಸರವಾಗುತ್ತದೆ. ಉತ್ತರ ವಾಗ್ಗೇಯಕಾರ ಶ್ಯಾಮಾಶಾಸ್ತ್ರಿಗಳು, ಸರಿ, ಆದರೆ ಅವರ ಸಂಗೀತದ ಒಂದು ಸ್ವರವೂ ಅಲ್ಲಿಲ್ಲ. ಅವರ ಬಗ್ಗೆಯೇ ಕೇಳಬೇಕು ಅಂದರೆ ಹೀಗೆ ಕೇಳಬಹುದು: "ಕ. ನನಗೆ ಎಂಟು ಚರಣ. ಒಂದೊಂದೂ ಹಿಂದಿನದಕ್ಕಿಂತ ಒಂದು ಸ್ವರ ಮೇಲೆ ಶುರುವಾಗುತ್ತದೆ." ಅದು ಭೈರವಿ ರಾಗದ ಸ್ವರಜತಿ (ಸ್ವರ, ಸಾಹಿತ್ಯ ಎರಡನ್ನೂ ಹಾಡುವ ಒಂದು ಬಗೆಯ ರಚನೆ), 'ಕಾಮಾಕ್ಷಿ ಅನುದಿನಮು'. ಮೊದಲ ಚರಣ ಷಡ್ಜದಲ್ಲಿ, ಎರಡನೆಯದು ರಿಷಭದಲ್ಲಿ, ಹೀಗೆ ತಾರ ಷಡ್ಜದ ತನಕ. ಈ ಸುಳಿವು ಓದಿದ ಮೇಲೆ ಸ್ವರಜತಿಯನ್ನು ಇನ್ನೊಮ್ಮೆ ಹಾಕಿಕೊಂಡು, ಒಂದೊಂದು ಚರಣ ಎಲ್ಲಿ ಹಿಡಿಯುತ್ತದೆ ಅಂತ ಕಾಯುತ್ತಾ ಕೇಳದವರು ನಮ್ಮ ಗುಂಪಿನಲ್ಲಿ ಯಾರೂ ಇಲ್ಲ.

ನೀವೂ ಆಡಬೇಕು ಅಂದುಕೊಂಡರೆ ನಾಲ್ಕೈದು ಜನ ಸಾಕು. ಹಾಡುವವರು ಒಬ್ಬರಾದರೂ ಇರಲಿ, ವಾದ್ಯ ನುಡಿಸುವವರಿದ್ದರೆ ಇನ್ನೂ ಒಳ್ಳೆಯದು. ಉತ್ತರ ಬಂದ ಮೇಲೆ ಅದಕ್ಕೆ ಸಂಬಂಧಪಟ್ಟ ಒಂದು ಹಾಡನ್ನು ಎಲ್ಲರೂ ಕೇಳಿ, ಆಮೇಲೇ ಮುಂದಿನ ಅಕ್ಷರಕ್ಕೆ ಹೋಗಿ. ಇದರಿಂದ ಆಟ ನಿಧಾನವಾಗುತ್ತದೆ, ಆಗಲಿ ಬಿಡಿ. ಮೊದಲ ಸುತ್ತಿನಲ್ಲಿ ಕಷ್ಟದ ಅಕ್ಷರಗಳನ್ನೆಲ್ಲ ಬಿಟ್ಟುಬಿಡಿ. ಶುರುವಿಗೆ ಆರಭಿ, ಕಲ್ಯಾಣಿ, ಮೋಹನ ಇಂಥವೇ ಇರಲಿ.