ತೋಳಿನ ನಂಬರು, ಬೆರಳಿನ ನಂಬರು

ರಾತ್ರಿ ಎರಡೂವರೆ ಸುಮಾರಿಗೆ ಫೋನ್ ಕೂಗಿಕೊಂಡಿತು. ಮಗನ ಶುಗರ್ 54, ಬಾಣದ ಗುರುತು ಕೆಳಗಡೆಗೆ. ಅವನಿಗೆ ಟೈಪ್ 1 ಡಯಾಬಿಟಿಸ್, ಅಂದ್ರೆ ಶುಗರ್ ಇಳಿಸೋ ಇನ್ಸುಲಿನ್ ಮೈಯಲ್ಲಿ ಹುಟ್ಟಲ್ಲ, ಹೊರಗಿಂದ ಹಾಕಬೇಕು. ಈಗ ಎಂಟನೇ ಕ್ಲಾಸು. ಹಿಂದಿನ ದಿನ ಸಂಜೆಯಷ್ಟೇ ಎಡತೋಳಿಗೆ ಹೊಸ ಸೆನ್ಸರ್ ಹಾಕಿದ್ದೆವು, ಹಗಲೂ ರಾತ್ರಿ ಶುಗರ್ ಅಳೆದು ಫೋನಿಗೆ ಕಳಿಸೋ ಯಂತ್ರ. ನಾನು ಎದ್ದು ಲೈಟ್ ಹಾಕುವಷ್ಟರಲ್ಲಿ ನಮ್ಮತ್ತೆ ಆಗಲೇ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬ ತೆಗೆಯುತ್ತಿದ್ದರು.

"ಒಂದು ನಿಮಿಷ ತಡೀರಿ ಅತ್ತೆ, ಬೆರಳಲ್ಲಿ ನೋಡ್ತೀನಿ" ಅಂದೆ.

"ಅಯ್ಯೋ, ಮೊದಲು ಸಕ್ಕರೆ ಕೊಡಮ್ಮ, ಆಮೇಲೆ ನೋಡುವಂತೆ" ಅಂದರು. ಅವರ ಭಯ ನನಗೆ ಅರ್ಥ ಆಗುತ್ತೆ. ಒಂದು ಸಲ ನಿಜವಾದ ಲೋ ಆಗಿ, ಅಂದ್ರೆ ಶುಗರ್ ತೀರಾ ಇಳಿದು, ಮೊಮ್ಮಗ ನಡುಗಿದ್ದನ್ನು ಕಣ್ಣಾರೆ ನೋಡಿದವರು ಅವರು.

ಅವನು ಎಡಮಗ್ಗುಲಾಗಿ, ಸೆನ್ಸರ್ ಇರೋ ತೋಳಿನ ಮೇಲೇ ಪೂರ್ತಿ ಭಾರ ಹಾಕಿ ಮಲಗಿದ್ದ. ಕುತ್ತಿಗೆ ಮುಟ್ಟಿದೆ, ಬೆವರಿಲ್ಲ. ಕೈ ತಣ್ಣಗಿಲ್ಲ. ಮೆಲ್ಲಗೆ ಅಂಗಾತ ತಿರುಗಿಸಿ, ನಿದ್ದೆಯಲ್ಲೇ ಬೆರಳು ಚುಚ್ಚಿ ನೋಡಿದರೆ 121. ಸಕ್ಕರೆ ಕೊಡಲಿಲ್ಲ. ಹಾಸಿಗೆ ಪಕ್ಕದಲ್ಲೇ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ನಂಬರು ತಾನಾಗೇ ಏರುತ್ತಾ ಬಂತು. ಏನೂ ತಿನ್ನದೆ 54 ಇದ್ದದ್ದು ನೂರರ ಹತ್ತಿರ ಬಂದು ನಿಂತಿತು.

ಇದು ಹೊಸಬರಿಗೆ ಯಾರೂ ಸರಿಯಾಗಿ ಹೇಳದ ವಿಷಯ. ಈ ಸೆನ್ಸರ್ ರಕ್ತದಲ್ಲಿರೋ ಶುಗರ್ ನೋಡಲ್ಲ. ಚರ್ಮದ ಕೆಳಗೆ, ಜೀವಕೋಶಗಳ ನಡುವೆ ಇರೋ ನೀರಿನಂಥ ದ್ರವದಲ್ಲಿ ಕೂದಲಿನಷ್ಟು ತೆಳುವಾದ ಒಂದು ಎಳೆ ಕೂತಿರುತ್ತೆ. ಅದರ ಮೇಲಿನ ಕಿಣ್ವ ಗ್ಲೂಕೋಸ್ ಜೊತೆ ಸೇರಿದಾಗ ಸಣ್ಣ ಕರೆಂಟ್ ಹುಟ್ಟುತ್ತೆ. ಆ ಕರೆಂಟನ್ನೇ ಯಂತ್ರ ನಂಬರು ಮಾಡಿ ತೋರಿಸುತ್ತೆ. ತೋಳನ್ನು ಒತ್ತಿ ಮಲಗಿದರೆ ಆ ಜಾಗಕ್ಕೆ ರಕ್ತ ಓಡಾಟ ಕಮ್ಮಿ ಆಗುತ್ತೆ, ಎಳೆಯ ಸುತ್ತ ಗ್ಲೂಕೋಸ್ ಕಮ್ಮಿ ಕಾಣುತ್ತೆ, ಮೈಯಲ್ಲಿ ಶುಗರ್ ಚೆನ್ನಾಗೇ ಇದ್ದರೂ ಅಲಾರ್ಮ್ ಹೊಡೆಯುತ್ತೆ. ಗ್ರಾಫಿನಲ್ಲಿ ಇದರ ಗುರುತು ಸಿಗುತ್ತೆ: ಗೆರೆ ನೆಟ್ಟಗೆ ಬೀಳುತ್ತೆ, ಮಗ್ಗುಲು ಬದಲಿಸಿದರೆ ಅಷ್ಟೇ ಬೇಗ ಏರುತ್ತೆ.

ಮಾರನೇ ದಿನ ಇನ್ನೂ ಕಷ್ಟದ್ದು.

ನಮ್ಮದು ಶ್ರೀನಿವಾಸಪುರದ ಕಡೆ. ಮೇ ತಿಂಗಳಂದ್ರೆ ಇಲ್ಲಿ ಮಾವು ಬಿಟ್ಟರೆ ಬೇರೆ ಮಾತಿಲ್ಲ. ಸ್ಕೂಲಿಗೆ ರಜ ಇತ್ತು, ಮಗ ಬೆಳಗ್ಗೆನೇ ಅಪ್ಪನ ಜೊತೆ ಮಂಡಿಗೆ ಹೋಗಿದ್ದ. ಮಧ್ಯಾಹ್ನ ನಾನು ಊಟದ ಕ್ಯಾರಿಯರ್ ಹಿಡಿದು ಹೋದಾಗ ತೋತಾಪುರಿ ತುಂಬಿದ ಟೆಂಪೋಗಳು ರಸ್ತೆವರೆಗೂ ನಿಂತಿದ್ದವು. ಇವನು ಒಳಗೆ ಬಾದಾಮಿ ಹಣ್ಣು ಆರಿಸಿ ಕ್ರೇಟಿಗೆ ಇಡುತ್ತಿದ್ದ. ಒಡೆದ ಹಣ್ಣಿನ ರಸ ಮೊಣಕೈವರೆಗೂ ಇಳಿದಿತ್ತು.

ಅಷ್ಟರಲ್ಲಿ ಫೋನ್ ಮತ್ತೆ ಕೂಗಿತು. 61.

"ಏನೋ, ತಲೆ ಸುತ್ತುತ್ತಾ? ಕೈ ನಡುಗುತ್ತಾ?" ಅಂತ ಅವರಪ್ಪ ಕೇಳಿದರು. "ಇಲ್ಲಪ್ಪ, ಚೆನ್ನಾಗಿದೀನಿ, ಬೇಕಾದ್ರೆ ಬೆರಳು ನೋಡಿ" ಅಂತ ಕೈ ಚಾಚಿದ. ಬ್ಯಾಗಿನಿಂದ ಗ್ಲೂಕೋಮೀಟರ್ ತೆಗೆದು ಅವರೇ ಚುಚ್ಚಿದರು. 247.

ತೋಳಿನಲ್ಲಿ 61, ಬೆರಳಿನಲ್ಲಿ 247. ಒಂದನ್ನು ನಂಬಿದರೆ ಈಗಲೇ ಗ್ಲೂಕೋಸ್ ಕುಡಿಸಬೇಕು, ಇನ್ನೊಂದನ್ನು ನಂಬಿದರೆ ಇನ್ಸುಲಿನ್ ಜಾಸ್ತಿ ಹಾಕಬೇಕು. ಎರಡೂ ಒಂದಕ್ಕೊಂದು ಪೂರ್ತಿ ಉಲ್ಟಾ. ನಿಜವಾಗಿ ಲೋ ಇರೋ ಮಗುವಿಗೆ ಇನ್ಸುಲಿನ್ ಹಾಕಿಬಿಟ್ಟರೆ ಏನಾಗುತ್ತೆ ಅನ್ನೋದು ಟೈಪ್ 1 ಮಕ್ಕಳ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ನನ್ನ ಕಣ್ಣು ಅವನ ಬೆರಳಿನ ಮೇಲೆ ಬಿತ್ತು. ತುದಿಯಲ್ಲಿ ರಕ್ತದ ಹನಿ, ಅದರ ಸುತ್ತ ಒಣಗಿ ಹೊಳೆಯುತ್ತಿದ್ದ ಮಾವಿನ ರಸ. ಮೀಟರಿಗೆ ಸಿಕ್ಕಿಸೋ ಸ್ಟ್ರಿಪ್ ರಕ್ತದ ಜೊತೆ ಹಣ್ಣಿನ ಸಕ್ಕರೆಯನ್ನೂ ಕುಡಿದಿತ್ತು. ಹನಿ ಎಷ್ಟು ಚಿಕ್ಕದು ಅಂದ್ರೆ ಬೆರಳ ಮೇಲಿರೋ ಒಂದು ಚೂರು ಸಿಹಿ ಸಾಕು ಲೆಕ್ಕ ಕೆಡಿಸೋದಕ್ಕೆ. ಸುಮ್ನೆ ಪಂಚೆಗೆ ಒರೆಸಿದರೆ ಅದು ಹೋಗಲ್ಲ. ನಲ್ಲಿಗೆ ಕರೆದುಕೊಂಡು ಹೋಗಿ ಸೋಪು ಹಾಕಿ ಎರಡೂ ಕೈ ತೊಳೆಸಿ, ಟವೆಲಿನಲ್ಲಿ ಚೆನ್ನಾಗಿ ಒರೆಸಿ, ಬೇರೆ ಬೆರಳು ಚುಚ್ಚಿದೆವು. 132.

ಅಂದ್ರೆ ಊಟ ಮಾಡಿ, ಎಂದಿನ ಇನ್ಸುಲಿನ್ ತಗೊಂಡರೆ ಸಾಕಿತ್ತು. ಅಷ್ಟೇ ಮಾಡಿದೆವು.

ಊಟದ ನಂತರವೂ ಸೆನ್ಸರ್ ಅರವತ್ತರ ಆಸುಪಾಸಿನಲ್ಲೇ ಇತ್ತು. ಸಾಮಾನ್ಯವಾಗಿ ಅದು ರಕ್ತಕ್ಕಿಂತ ಐದರಿಂದ ಹದಿನೈದು ನಿಮಿಷ ಹಿಂದಿರುತ್ತೆ. ಬೋರ್‌ವೆಲ್ ಮೋಟರ್ ಹಾಕಿದ ತಕ್ಷಣ ತೋಟದ ಕೊನೇ ಸಾಲಿಗೆ ನೀರು ಬರಲ್ಲ, ಹಾಗೆ. ಶುಗರ್ ಬೇಗ ಏರುವಾಗ ಇಳಿಯುವಾಗ ಎರಡು ನಂಬರಿಗೂ ವ್ಯತ್ಯಾಸ ಇದ್ದೇ ಇರುತ್ತೆ, ಅದಕ್ಕೆ ಗಾಬರಿ ಬೇಡ. ಗ್ಲೂಕೋಮೀಟರ್ ಕೂಡ ದೇವರಲ್ಲ. 2013ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಶುಗರ್ 100 ಮತ್ತು ಅದಕ್ಕಿಂತ ಮೇಲಿದ್ದಾಗ ಮೀಟರಿನ 100 ರೀಡಿಂಗ್‌ನಲ್ಲಿ 95 ನಿಜವಾದ ಲೆಕ್ಕಕ್ಕಿಂತ ಶೇಕಡ 15ರೊಳಗೆ ಹೆಚ್ಚುಕಮ್ಮಿ ಇದ್ದರೆ ಸಾಕು. ಹಾಗಾಗಿ ಒಂದು ಕಡೆ 120, ಇನ್ನೊಂದು ಕಡೆ 132 ಬಂದರೆ ಎರಡೂ ಸರಿಯೇ ಅಂದುಕೊಳ್ಳಬಹುದು. ಆದರೆ ಶುಗರ್ ಒಂದೇ ಸಮ ಇರುವಾಗ, ಗಂಟೆಗಟ್ಟಲೆ ಅರ್ಧಕ್ಕರ್ಧ ಕಮ್ಮಿ ತೋರಿಸಿದರೆ ಅದು ತಡ ಅಲ್ಲ, ಕೆಟ್ಟ ಸೆನ್ಸರ್. ಮೊದಲ ದಿನ ಸ್ವಲ್ಪ ಏರುಪೇರು ಇರುತ್ತೆ, ಎಳೆ ಚುಚ್ಚಿದ ಜಾಗ ಇನ್ನೂ ಮಾಗಿರಲ್ಲ, ನಿಜ. ಇದು ಅದನ್ನೂ ಮೀರಿತ್ತು. ನಮ್ಮ ಸೆನ್ಸರ್ ಫ್ಯಾಕ್ಟರಿಯಲ್ಲೇ ಹೊಂದಿಸಿ ಬರೋದು. ಬೆರಳಿನ ನಂಬರು ಕೊಟ್ಟು ಅದನ್ನು ತಿದ್ದುವ ದಾರಿ ಇಲ್ಲ.

ಸಂಜೆ ಹೊತ್ತಿಗೆ ಅದೇ ಕೈಚೆಲ್ಲಿತು. ಸೆನ್ಸರ್ ಬದಲಿಸಿ ಅಂತ ಫೋನಿನಲ್ಲಿ ಬಂತು. 14 ದಿನ ಬರಬೇಕಾದದ್ದು ಎರಡನೇ ದಿನಕ್ಕೇ ಮುಗೀತು. ಕಿತ್ತು ಬೆಳಕಿಗೆ ಹಿಡಿದು ನೋಡಿದೆ. ನೆಟ್ಟಗಿರಬೇಕಾದ ಎಳೆ ಬುಡದ ಹತ್ತಿರ ಬಾಗಿತ್ತು, ಅಂಟಿನ ಮಧ್ಯೆ ಒಣಗಿದ ರಕ್ತದ ಸಣ್ಣ ಚುಕ್ಕೆ. ಒಳಗೆ ಹೋಗುವಾಗಲೇ ಮಡಚಿಕೊಂಡಿತೋ ಏನೋ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆವು. ಸೀರಿಯಲ್ ನಂಬರ್, ಹಾಕಿದ ದಿನ, ಸೆನ್ಸರ್ ರೀಡಿಂಗ್, ಅದೇ ಹೊತ್ತಿನ ಬೆರಳಿನ ರೀಡಿಂಗ್, ಎಲ್ಲ ಕೇಳಿದರು. ಮೀಟರಿನಲ್ಲಿ ಟೈಮ್ ಸಮೇತ ಉಳಿದಿದ್ದರಿಂದ ಹೇಳೋಕೆ ತೊಂದರೆ ಆಗಲಿಲ್ಲ. ಆದರೆ ಕನ್ನಡದಲ್ಲಿ ಮಾತಾಡೋರು ಸಿಗಲಿಲ್ಲ, ಅವರಪ್ಪನಿಗೆ ಹಿಂದಿ ಅಷ್ಟಕ್ಕಷ್ಟೆ, ಕೊನೆಗೆ ಪಕ್ಕದ ಮನೆ ಕಾಲೇಜು ಹುಡುಗಿ ಮಾತಾಡಿಕೊಟ್ಟಳು. ಬದಲಿ ಸೆನ್ಸರ್ ಬಂತು, ಸುಳ್ಳು ಹೇಳಲ್ಲ. ಬರೋ ತನಕ ಮಾತ್ರ ಹಗಲೂ ರಾತ್ರಿ ಬೆರಳು ಚುಚ್ಚಿದ್ದು ನಮ್ಮ ಮಗನದು, ಅಲಾರ್ಮ್ ಇಟ್ಟು ಎದ್ದದ್ದು ನಾವು. ಸಾವಿರಗಟ್ಟಲೆ ಕೊಟ್ಟು ತರೋ ವಸ್ತು ಇದು. ಮಾವಿನ ರೇಟು ಬಿದ್ದ ವರ್ಷ ಆ ದುಡ್ಡು ಹೊಂದಿಸೋದು ಹೇಗೆ ಅಂತ ನಮ್ಮಂಥ ಮನೆಗಳಿಗೇ ಗೊತ್ತು.

ಕಮ್ಮಿ ತೋರಿಸೋದಕ್ಕಿಂತ ನನಗೆ ಭಯ ಜಾಸ್ತಿ ತೋರಿಸೋದರ ಬಗ್ಗೆ. 2024ರಲ್ಲಿ ಅಮೆರಿಕದಲ್ಲಿ ಒಂದು ಕಂಪನಿ, ಶುಗರ್ ಇರೋದಕ್ಕಿಂತ ಹೆಚ್ಚು ತೋರಿಸುತ್ತವೆ ಅಂತ ತನ್ನ ಕೆಲವು ಬ್ಯಾಚಿನ ಸೆನ್ಸರ್‌ಗಳನ್ನು ಬಳಸಬೇಡಿ ಅಂತಲೇ ಹೇಳಬೇಕಾಯಿತು. ಸೆನ್ಸರ್ ಚೆನ್ನಾಗಿದ್ದರೂ ಕೆಲವು ಬ್ರ್ಯಾಂಡಿನವು ದಿನಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ವಿಟಮಿನ್ ಸಿ ತಗೊಂಡರೆ ಸುಳ್ಳು ಹೈ ತೋರಿಸುತ್ತವೆ. ನೆಗಡಿ ಬಂತು ಅಂತ ವಿಟಮಿನ್ ಸಿ ಚೀಪೋ ಮಾತ್ರೆ ಕೊಡೋದು ನಮ್ಮಲ್ಲಿ ಎಷ್ಟು ಮಾಮೂಲಿ! ನಂಬರು ನಂಬಿ ಇನ್ಸುಲಿನ್ ಏರಿಸಿದರೆ, ಆ ಲೋ ಬರೋದು ಗೊತ್ತೇ ಆಗಲ್ಲ. ಪೆಟ್ಟಿಗೆಯಲ್ಲಿರೋ ಚೀಟಿಯಲ್ಲಿ ಇದೆಲ್ಲ ಇರುತ್ತೆ, ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ.

ಹಾಗಂತ ಸೆನ್ಸರ್ ಬಿಡಿ ಅಂತ ನಾನು ಯಾರಿಗೂ ಹೇಳಲ್ಲ. ನಾವೂ ಬಿಟ್ಟಿಲ್ಲ. ಬೆರಳಿನ ನಂಬರು ಆ ಕ್ಷಣದ್ದು ಮಾತ್ರ, ಮುಂದೆ ಏರುತ್ತಾ ಇಳಿಯುತ್ತಾ ಅಂತ ಅದು ಹೇಳಲ್ಲ. ಆ ಮೇಲೆ ಒಂದು ರಾತ್ರಿ ನಿಜವಾದ ಲೋ ಬಂದಾಗ ಎಬ್ಬಿಸಿದ್ದು ಇದೇ ಅಲಾರ್ಮ್. ಬೆರಳಿನಲ್ಲೂ 58 ಇತ್ತು. 15 ಗ್ರಾಂ ಗ್ಲೂಕೋಸ್ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿದ ಮೇಲೆ ಮಲಗಿದೆವು. ಸುಳ್ಳು ಅಲಾರ್ಮಿಗೆ ಬೇಸತ್ತು ಅದನ್ನು ಆಫ್ ಮಾಡೋರನ್ನು ನೋಡಿದ್ದೀನಿ, ದಯವಿಟ್ಟು ಹಾಗೆ ಮಾಡಬೇಡಿ. ಸೆನ್ಸರ್ ಮಾರೋ ಅಂಗಡಿಯವರು, ಬರೆದುಕೊಡೋ ಡಾಕ್ಟರು, ಮನೆಯಲ್ಲಿ ಮೀಟರ್ ಇದೆಯಾ, ಸ್ಟ್ರಿಪ್ ಡೇಟ್ ಮುಗಿದಿಲ್ಲ ತಾನೆ ಅಂತ ಒಂದು ಮಾತು ಕೇಳಬೇಕು. ಎಷ್ಟೋ ಮನೆಗಳಲ್ಲಿ ಸೆನ್ಸರ್ ಬಂದ ಮೇಲೆ ಸ್ಟ್ರಿಪ್ ತರೋದೇ ನಿಲ್ಲಿಸಿದ್ದಾರೆ.

ಸ್ಕೂಲು ಶುರುವಾದಾಗ ಒಂದು ಸಣ್ಣ ಬ್ಯಾಗ್ ಕೊಟ್ಟು ಬಂದೆ. ಮೀಟರ್, ಸ್ಟ್ರಿಪ್, ಗ್ಲೂಕೋಸ್ ಪೊಟ್ಟಣ, ಜೊತೆಗೆ ಕನ್ನಡದಲ್ಲಿ ದಪ್ಪ ಅಕ್ಷರದ ಒಂದು ಹಾಳೆ. ಯಂತ್ರ ಏನೇ ತೋರಿಸಲಿ, ಹುಡುಗ ಬೆವರಿದರೆ, ನಡುಗಿದರೆ, ಮಂಕಾದರೆ ಕೈ ತೊಳೆಸಿ ಬೆರಳು ನೋಡಿ, ಮೀಟರ್ ಕೈಗೆ ಸಿಗದಿದ್ದರೆ ಕಾಯದೆ ಗ್ಲೂಕೋಸ್ ಕೊಡಿ ಅಂತ ಬರೆದಿದ್ದೆ. ಪಿ.ಟಿ. ಮೇಷ್ಟ್ರು ಅದನ್ನು ನಿಧಾನವಾಗಿ ಓದಿ, "ಎಚ್ಚರ ತಪ್ಪಿದ್ರೆ ಏನ್ಮಾಡೋದಮ್ಮ?" ಅಂತ ಕೇಳಿದರು. ಬಾಯಿಗೆ ಏನೂ ಹಾಕಬೇಡಿ, ಮಗ್ಗುಲಾಗಿ ಮಲಗಿಸಿ, ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದೆ. ಅವರೇ ಪೆನ್ನು ತೆಗೆದು ಅದನ್ನು ಹಾಳೆಯ ಮೇಲ್ಗಡೆ ಬರೆದುಕೊಂಡರು.