ಎಫ್‌ಸಿ ಇಲ್ಲದ ದೇಶದಲ್ಲಿ ಲಾರಿ: ಅಮೆರಿಕದ ಲೈಸೆನ್ಸ್, ಪ್ಲೇಟು, ತಪಾಸಣೆ

ಊರಲ್ಲಿ ಲಾರಿ ಇಟ್ಟವರಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಅಂದರೆ ಏನೆಂದು ಹೇಳಬೇಕಿಲ್ಲ. ಬಣ್ಣ ಹೊಡೆಸಿ, ರೇಡಿಯಂ ಅಂಟಿಸಿ, ಲೈಟು ಸರಿಮಾಡಿಸಿ ತಪಾಸಣೆಗೆ ನಿಲ್ಲಿಸಿ ಬಂದರೆ ಎರಡು ವರ್ಷ, ಗಾಡಿಗೆ ಎಂಟು ವರ್ಷ ದಾಟಿದ್ದರೆ ಒಂದು ವರ್ಷ ನೆಮ್ಮದಿ. ಅಮೆರಿಕದ ಕೇಂದ್ರ ನಿಯಮದಲ್ಲಿ ಹೀಗೆ ಸರ್ಕಾರಿ ಕಚೇರಿ ಮುಂದೆ ಲಾರಿ ಸಾಲು ನಿಲ್ಲಿಸುವ ಪದ್ಧತಿ ಇಲ್ಲ. ಕೆಲವು ರಾಜ್ಯಗಳು ತಮ್ಮದೇ ತಪಾಸಣೆ ಇಟ್ಟುಕೊಂಡಿವೆ, ಉಳಿದ ಕಡೆ ಗಾಡಿ ಸರಿಯಿದೆ ಎಂದು ಬರೆದು ಸಹಿ ಹಾಕುವ ಹೊಣೆ ಮಾಲೀಕನದ್ದು ಮತ್ತು ಅವನು ಕರೆಸುವ ಮೆಕ್ಯಾನಿಕ್‌ನದ್ದು. ಅದು ನಿಜವೇ ಎಂದು ನೋಡುವುದು ರಸ್ತೆಯಲ್ಲಿ, ಯಾವ ದಿನವಾದರೂ, ಮುನ್ಸೂಚನೆ ಇಲ್ಲದೆ. ಇಲ್ಲಿಗೆ ಬಂದು ಲಾರಿ ಓಡಿಸಬೇಕು, ಸ್ವಂತ ಗಾಡಿ ಕೊಳ್ಳಬೇಕು ಎನ್ನುವವರು ಮೊದಲು ತಿಳಿಯಬೇಕಾದ ವ್ಯತ್ಯಾಸ ಇದೇ.

ಲೈಸೆನ್ಸಿನಿಂದ ಶುರು ಮಾಡೋಣ. ಗಾಡಿಯ ಗರಿಷ್ಠ ತೂಕದ ರೇಟಿಂಗ್ 26,001 ಪೌಂಡ್, ಅಂದರೆ ಸುಮಾರು 11.8 ಟನ್ ಮುಟ್ಟಿದರೆ ಸಿಡಿಎಲ್ ಎಂಬ ಕಮರ್ಷಿಯಲ್ ಲೈಸೆನ್ಸ್ ಬೇಕು. ಟ್ರ್ಯಾಕ್ಟರ್‌ಗೆ, ಅಂದರೆ ಟ್ರೈಲರ್ ಎಳೆಯುವ ಮುಂದಿನ ಗಾಡಿಗೆ, 10,000 ಪೌಂಡ್ ಮೀರಿದ ಟ್ರೈಲರ್ ಸಿಕ್ಕಿಸಿ ಒಟ್ಟು ರೇಟಿಂಗ್ ಆ ಗಡಿ ದಾಟಿದರೆ ಕ್ಲಾಸ್ ಎ, ಒಂದೇ ಗಾಡಿಯಾದರೆ ಕ್ಲಾಸ್ ಬಿ. ರಾಜ್ಯದೊಳಗೆ ಓಡಿಸಲು 18 ವರ್ಷ ಸಾಕು, ರಾಜ್ಯ ದಾಟಲು 21 ತುಂಬಿರಬೇಕು. ಭಾರತದ ಹೆವಿ ಲೈಸೆನ್ಸ್ ಎಷ್ಟೇ ಹಳೆಯದಿರಲಿ, ಅಂತರರಾಷ್ಟ್ರೀಯ ಪರ್ಮಿಟ್ ಜೊತೆಗಿರಲಿ, ಇಲ್ಲಿ ಲಾರಿಗೆ ಅದು ನಡೆಯುವುದಿಲ್ಲ. ಕೆನಡಾ ಮತ್ತು ಮೆಕ್ಸಿಕೊದ ಕಮರ್ಷಿಯಲ್ ಲೈಸೆನ್ಸಿಗೆ ಮಾತ್ರ ಮಾನ್ಯತೆ.

ಏಜೆಂಟರ ಮಾತು ಕೇಳಿ ಜಮೀನು ಅಡ ಇಡಲು ಹೊರಟವರು ಇದನ್ನು ದಯವಿಟ್ಟು ಎರಡು ಸಲ ಓದಿ. 2025ರ ಆಗಸ್ಟ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಲಾರಿ ಚಾಲಕರ ಕೆಲಸದ ವೀಸಾಗಳನ್ನು ತಡೆಹಿಡಿಯಿತು. ಸೆಪ್ಟೆಂಬರ್‌ನಲ್ಲಿ ಸಾರಿಗೆ ಇಲಾಖೆ ತುರ್ತು ನಿಯಮ ತಂದು, ಕಾಯಂ ವಾಸದ ಹಕ್ಕಿಲ್ಲದವರಲ್ಲಿ ಹಂಗಾಮಿ ಕೆಲಸದ ಎಚ್-2ಎ, ಎಚ್-2ಬಿ, ಹೂಡಿಕೆದಾರರ ಇ-2 ವೀಸಾದವರಿಗಷ್ಟೇ ಸಿಡಿಎಲ್ ಎಂದಿತು. ನವೆಂಬರ್‌ನಲ್ಲಿ ಆ ತುರ್ತು ನಿಯಮಕ್ಕೆ ಕೋರ್ಟ್ ತಡೆ ಕೊಟ್ಟಿತು. ಹೀಗೆ ತಿಂಗಳಿಗೊಮ್ಮೆ ಬದಲಾಗುವ ವಿಷಯದಲ್ಲಿ "ಲೈಸೆನ್ಸ್ ಗ್ಯಾರಂಟಿ" ಎಂದು ಮುಂಗಡ ಕೇಳುವವರನ್ನು ನಂಬಬೇಡಿ. ಆಯಾ ರಾಜ್ಯದ ಲೈಸೆನ್ಸ್ ಇಲಾಖೆ ಆ ವಾರ ಏನು ಹೇಳುತ್ತದೋ ಅದೇ ಲೆಕ್ಕ. ಇನ್ನೊಂದು ಮಾತು, ಇಂಗ್ಲಿಷ್. ರಸ್ತೆ ಫಲಕ ಓದಲು, ಅಧಿಕಾರಿಗೆ ಉತ್ತರಿಸಲು ಬರಬೇಕೆಂಬ ನಿಯಮ ಹಳೆಯದೇ. 2025ರ ಜೂನ್ 25ರಿಂದ ಇದರಲ್ಲಿ ಫೇಲಾದ ಚಾಲಕನನ್ನು ಅಲ್ಲೇ ಇಳಿಸಿ, ಗಾಡಿ ಮುಂದಕ್ಕೆ ಓಡಿಸದಂತೆ ಮಾಡುತ್ತಾರೆ.

ಅರ್ಹತೆ ಇದ್ದವರಿಗೆ ದಾರಿ ಹೀಗಿದೆ. ಮೊದಲು ವೈದ್ಯಕೀಯ ಪರೀಕ್ಷೆ. ಎರಡೂ ಕಣ್ಣು ತಲಾ 20/40, ಕನ್ನಡಕ ಹಾಕಿದರೂ ಸರಿ. ಬಿಪಿ 140/90ರೊಳಗಿದ್ದರೆ ಎರಡು ವರ್ಷದ ಕಾರ್ಡು, ಸ್ವಲ್ಪ ಮೇಲಿದ್ದರೆ ಒಂದೇ ವರ್ಷದ್ದು. ನಮ್ಮವರಲ್ಲಿ ಶುಗರ್ ಸಾಮಾನ್ಯ, ಹಾಗಾಗಿ ಹೇಳುತ್ತೇವೆ: ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಈಗ ಅವಕಾಶವಿದೆ, ಆದರೆ ಚಿಕಿತ್ಸೆ ಕೊಡುವ ವೈದ್ಯರ ಸಹಿಯ ಫಾರ್ಮ್ ಬೇಕು, ಅವರ ಮುಂದಿಡಲು ಕಳೆದ ಮೂರು ತಿಂಗಳ ಸಕ್ಕರೆ ದಾಖಲೆಯೂ ಬೇಕು. ಆಮೇಲೆ ಲಿಖಿತ ಪರೀಕ್ಷೆ ಬರೆದು ಲರ್ನರ್ ಪರ್ಮಿಟ್. ಅದು ಕೈಗೆ ಬಂದು ಕನಿಷ್ಠ 14 ದಿನ ಕಳೆಯದೆ ರಸ್ತೆ ಪರೀಕ್ಷೆ ಇಲ್ಲ. ಮೊದಲ ಸಲ ಲೈಸೆನ್ಸ್ ಪಡೆಯುವವರಿಗೆ 2022ರ ಫೆಬ್ರುವರಿ 7ರಿಂದ, ಸರ್ಕಾರದ ಪಟ್ಟಿಯಲ್ಲಿರುವ ಶಾಲೆಯಲ್ಲೇ ತರಬೇತಿ ಕಡ್ಡಾಯ. ಶಾಲೆಗೆ ಹಣ ಕಟ್ಟುವ ಮೊದಲು ಹೆಸರು ಪಟ್ಟಿಯಲ್ಲಿದೆಯೇ ನೋಡಿ. ಆಟೊಮ್ಯಾಟಿಕ್ ಗೇರಿನ ಗಾಡಿಯಲ್ಲಿ ಪರೀಕ್ಷೆ ಕೊಟ್ಟರೆ ಲೈಸೆನ್ಸ್ ಮೇಲೆ "ಇ" ಅಕ್ಷರ ಬೀಳುತ್ತದೆ, ಗೇರು ಹಾಕುವ ಗಾಡಿ ಮುಟ್ಟುವಂತಿಲ್ಲ. ಏರ್ ಬ್ರೇಕ್ ಪರೀಕ್ಷೆ ಪಾಸಾಗದಿದ್ದರೆ "ಎಲ್" ಬೀಳುತ್ತದೆ, ಆಗ ಏರ್ ಬ್ರೇಕಿನ ಗಾಡಿಯೇ ಇಲ್ಲ.

ಆ ಏರ್ ಬ್ರೇಕ್ ಪರೀಕ್ಷೆಯಲ್ಲೇ ಹೆಚ್ಚು ಜನ ಎಡವುವುದು. ಬಾಯಿಪಾಠ ಮಾಡಿ ಗೇಜ್ ನೋಡದಿರುವುದೇ ತಪ್ಪು. ಗಾಡಿಯ ಚಕ್ರಕ್ಕೆ ಅಡ್ಡಕೊಡು, ಏರ್ ಪೂರ್ತಿ ತುಂಬಿಸು, ಎಂಜಿನ್ ಆರಿಸು, ಕೀ ಆನ್ ಇರಲಿ, ಪಾರ್ಕಿಂಗ್ ಬ್ರೇಕ್ ಬಿಡು. ಈಗ ಬ್ರೇಕ್ ಪೆಡಲ್ ಪೂರ್ತಿ ಒತ್ತಿ ಒಂದು ನಿಮಿಷ ಹಿಡಿ. ಒಂಟಿ ಗಾಡಿಯಲ್ಲಿ 3 ಪಿಎಸ್‌ಐ, ಟ್ರೈಲರ್ ಇದ್ದರೆ 4 ಪಿಎಸ್‌ಐಗಿಂತ ಹೆಚ್ಚು ಇಳಿಯಬಾರದು. ಆಮೇಲೆ ಪೆಡಲ್ ಒತ್ತೊತ್ತಿ ಬಿಡುತ್ತಾ ಏರ್ ಖಾಲಿ ಮಾಡು. 55ಕ್ಕಿಂತ ಕೆಳಗಿಳಿಯುವ ಮುನ್ನ ಎಚ್ಚರಿಕೆಯ ದೀಪ, ಬಜರ್ ಬರಬೇಕು. ಇನ್ನೂ ಇಳಿಸಿದರೆ 45ರಿಂದ 20ರ ನಡುವೆ ಪಾರ್ಕಿಂಗ್ ಬ್ರೇಕಿನ ಹಳದಿ, ಟ್ರೈಲರ್ ಏರಿನ ಕೆಂಪು ಗುಂಡಿಗಳು ತಾವಾಗಿ ಠಕ್ಕನೆ ಹೊರಬಂದು ಸ್ಪ್ರಿಂಗ್ ಬ್ರೇಕ್ ಹಿಡಿಯಬೇಕು. ಈ ಮೂರನ್ನೂ ಬಾಯಲ್ಲಿ ಹೇಳುತ್ತಾ, ಗೇಜಿನ ಅಂಕಿಯನ್ನೂ ಹೇಳುತ್ತಾ ಮಾಡಿ ತೋರಿಸಬೇಕು.

ಸ್ವಂತ ಗಾಡಿ ಕಟ್ಟಿ ಬಾಡಿಗೆಗೆ ಓಡಿಸುವವರಿಗೆ ಕಾಗದಗಳ ಸಾಲು ಬೇರೆ. ಸಾರಿಗೆ ಇಲಾಖೆ ಕೊಡುವ ಡಿಒಟಿ ನಂಬರ್, 300 ಡಾಲರ್ ಕಟ್ಟಿ ಆಪರೇಟಿಂಗ್ ಅಥಾರಿಟಿ ಎಂಬ ಬಾಡಿಗೆ ಸಾಗಣೆಯ ಅನುಮತಿ, ಪ್ರತಿ ರಾಜ್ಯದಲ್ಲೂ ಕೋರ್ಟ್ ನೋಟಿಸ್ ಸ್ವೀಕರಿಸುವ ಪ್ರತಿನಿಧಿಯ ಹೆಸರು, ಸಾಮಾನ್ಯ ಸರಕಿಗೆ ಕನಿಷ್ಠ 7,50,000 ಡಾಲರ್ ಹೊಣೆಗಾರಿಕೆ ವಿಮೆ. ವಿಮಾ ಕಂಪನಿಯೇ ನೇರ ಇಲಾಖೆಗೆ ವಿಮೆಯ ದಾಖಲೆ ಸಲ್ಲಿಸಬೇಕು. ನಿಮ್ಮ ಕೈಲಿರುವ ಪಾಲಿಸಿ ಪ್ರತಿ ಅಲ್ಲಿ ಲೆಕ್ಕಕ್ಕಿಲ್ಲ. ಹೊಸಬರ ಮೇಲೆ 18 ತಿಂಗಳು ಕಣ್ಣಿಟ್ಟಿರುತ್ತಾರೆ, ಮೊದಲ 12 ತಿಂಗಳಲ್ಲಿ ಆಡಿಟ್ ಬರುತ್ತದೆ. ಒಂದೇ ಲಾರಿ, ತಾನೇ ಚಾಲಕ ಎಂದು ಡ್ರಗ್ ಟೆಸ್ಟ್ ಯೋಜನೆಗೆ ಸೇರದೆ ಉಳಿದವರು ಈ ಆಡಿಟ್‌ನಲ್ಲಿ ನೇರ ಫೇಲ್. ಒಂಟಿ ಮಾಲೀಕ-ಚಾಲಕ ಹಲವರನ್ನು ಸೇರಿಸುವ ಒಂದು ಒಕ್ಕೂಟಕ್ಕೆ ಹೆಸರು ಕೊಡಲೇಬೇಕು.

ನಂಬರ್ ಪ್ಲೇಟಿನ ವ್ಯವಸ್ಥೆ ನಮ್ಮ ನ್ಯಾಷನಲ್ ಪರ್ಮಿಟ್ ನೆನಪಿಸುತ್ತದೆ. ಐಆರ್‌ಪಿ ಎನ್ನುವ ಒಪ್ಪಂದದಡಿ ತವರು ರಾಜ್ಯದಲ್ಲಿ ಒಂದೇ ಪ್ಲೇಟು ಪಡೆದರೆ 48 ರಾಜ್ಯ, ರಾಜಧಾನಿ ವಾಷಿಂಗ್ಟನ್, ಕೆನಡಾದ 10 ಪ್ರಾಂತ್ಯಗಳಲ್ಲಿ ಓಡಬಹುದು. ಶುಲ್ಕವನ್ನು ಯಾವ ರಾಜ್ಯದಲ್ಲಿ ಎಷ್ಟು ಮೈಲಿ ಓಡಿದಿರೋ ಆ ಪ್ರಮಾಣದಲ್ಲಿ ಹಂಚುತ್ತಾರೆ. ಕ್ಯಾಬ್ ಕಾರ್ಡ್ ಎಂಬ ನೋಂದಣಿ ಪತ್ರದಲ್ಲಿ ಪ್ರತಿ ರಾಜ್ಯಕ್ಕೂ ನೋಂದಾಯಿಸಿದ ತೂಕ ಬರೆದಿರುತ್ತದೆ. ಒಂದು ರಾಜ್ಯದ ಸಾಲಿನಲ್ಲಿ ತೂಕ ಕಡಿಮೆ ನಮೂದಾಗಿದ್ದರೆ ದಂಡ ಬೀಳುವುದು ಆ ರಾಜ್ಯದ ಗಡಿ ದಾಟಿದಾಗಲೇ. ಹಾಗಾಗಿ ಕಾರ್ಡು ಬಂದ ದಿನವೇ ಪೂರ್ತಿ ಓದಿ. 55,000 ಪೌಂಡ್ ಮುಟ್ಟಿದ ಗಾಡಿಗೆ ಕೇಂದ್ರದ ಭಾರಿ ವಾಹನ ತೆರಿಗೆಯೂ ಇದೆ, 75,000 ದಾಟಿದರೆ ವರ್ಷಕ್ಕೆ 550 ಡಾಲರ್. ಫಾರ್ಮ್ 2290 ತುಂಬಿ, ತೆರಿಗೆ ಇಲಾಖೆಯ ಮುದ್ರೆ ಬಿದ್ದ ಅದರ ಶೆಡ್ಯೂಲ್ 1 ಹಾಳೆ ತೋರಿಸದೆ ಪ್ಲೇಟು ಕೊಡುವುದಿಲ್ಲ. ಚಾಸಿ ನಂಬರಿನಲ್ಲಿ ಒಂದಕ್ಷರ ತಪ್ಪಿದರೂ ವಾಪಸ್. ತೆರಿಗೆ ವರ್ಷ ಜುಲೈ 1ಕ್ಕೆ ಶುರು, ಕಡೇ ದಿನ ಆಗಸ್ಟ್ 31. ನವೆಂಬರ್‌ನಲ್ಲಿ ಹೊಸದಾಗಿ ರಸ್ತೆಗಿಳಿದ ಗಾಡಿಗೆ ಡಿಸೆಂಬರ್ 31.

ಇಷ್ಟಾದರೂ ಓಡಿದ ಮೈಲಿಯ ಮೇಲಿನ ತೆರಿಗೆಗೆ ಕೆಲವು ರಾಜ್ಯಗಳಲ್ಲಿ ಬೇರೆ ಖಾತೆ ಬೇಕು: ಒರೆಗಾನ್, ನ್ಯೂಯಾರ್ಕ್, ಕೆಂಟಕಿ, ನ್ಯೂ ಮೆಕ್ಸಿಕೊ, ಕನೆಕ್ಟಿಕಟ್. ಕೆಂಟಕಿಯದ್ದು ಗಾಡಿಯ ತೂಕ 60,000 ಪೌಂಡ್ ಆದರೆ ಶುರು, ಒರೆಗಾನ್‌ನದ್ದು 26,000 ದಾಟಿದ ಕೂಡಲೇ.

ಡೀಸೆಲ್ ತೆರಿಗೆಯ ಲೆಕ್ಕ ಹೊಸಬರಿಗೆ ಅರ್ಥವಾಗುವುದೇ ಕಷ್ಟ, ಅಂಕಿ ಹಾಕಿ ನೋಡೋಣ. ಐಎಫ್‌ಟಿಎ ಎಂಬ ರಾಜ್ಯಗಳ ನಡುವಿನ ಇಂಧನ ತೆರಿಗೆ ಒಪ್ಪಂದದ ಪ್ರಕಾರ ತೆರಿಗೆ ಡೀಸೆಲ್ ಹಾಕಿಸಿದ ಜಾಗಕ್ಕಲ್ಲ, ಸುಟ್ಟ ಜಾಗಕ್ಕೆ. ಮೂರು ತಿಂಗಳಲ್ಲಿ 12,000 ಮೈಲಿ ಓಡಿ 2,000 ಗ್ಯಾಲನ್ ಖರ್ಚಾದರೆ ಗ್ಯಾಲನ್‌ಗೆ 6 ಮೈಲಿ. ಅದರಲ್ಲಿ 1,800 ಮೈಲಿ ಪೆನ್ಸಿಲ್ವೇನಿಯಾದಲ್ಲಿ ಓಡಿದ್ದರೆ ಅಲ್ಲಿ ಸುಟ್ಟಿದ್ದು 300 ಗ್ಯಾಲನ್. ಅಲ್ಲಿ ಹಾಕಿಸಿದ್ದು 100 ಮಾತ್ರವಾದರೆ ಉಳಿದ 200 ಗ್ಯಾಲನ್ನಿನ ತೆರಿಗೆ ಆ ರಾಜ್ಯಕ್ಕೆ ಬಾಕಿ. ಪಂಪಿನಲ್ಲಿ ದರ ಕಡಿಮೆ ಎಂದು ಪಕ್ಕದ ರಾಜ್ಯದಲ್ಲಿ ಟ್ಯಾಂಕ್ ತುಂಬಿಸಿ ಉಳಿತಾಯವಾಯಿತು ಅಂದುಕೊಂಡವರಿಗೆ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಕೊನೆಯಲ್ಲಿ ಬಿಲ್ ಬರುತ್ತದೆ. ರಸೀದಿ, ಮೈಲಿ ದಾಖಲೆ ನಾಲ್ಕು ವರ್ಷ ಇಡಬೇಕು.

ಟ್ರೈಲರ್‌ಗೆ ತನ್ನದೇ ನೋಂದಣಿ, ತನ್ನದೇ ಪ್ಲೇಟು. ದೇಶದ ಯಾವ ಮೂಲೆಯಲ್ಲಿ ನೋಡಿದರೂ ಮೇನ್ ರಾಜ್ಯದ ಪ್ಲೇಟಿನ ಟ್ರೈಲರ್‌ಗಳು ಕಾಣುತ್ತವೆ. ಆ ರಾಜ್ಯ ಹಲವು ವರ್ಷದ ನೋಂದಣಿಯನ್ನು ಒಟ್ಟಿಗೇ ಕೊಡುವುದೇ ಕಾರಣ.

ಈಗ ತೂಕ. ಹೆದ್ದಾರಿಯಲ್ಲಿ ಒಟ್ಟು ಮಿತಿ 80,000 ಪೌಂಡ್, ಅಂದರೆ 36 ಟನ್ನಿಗೆ ಸ್ವಲ್ಪ ಮೇಲೆ. ಒಟ್ಟು ಸರಿಯಿದ್ದರೂ ಜೋಡಿ ಆಕ್ಸಲ್‌ಗೆ 34,000ದ ಮಿತಿ ಪ್ರತ್ಯೇಕ, ಸಿಕ್ಕಿಬೀಳುವುದು ಇಲ್ಲೇ. ಲೋಡ್ ಮಾಡಿ ವೇಬ್ರಿಡ್ಜ್ ಮೇಲೆ ನಿಂತಾಗ ಚೀಟಿಯಲ್ಲಿ ಮುಂದಿನ ಆಕ್ಸಲ್ 11,900, ಡ್ರೈವ್ (ಎಂಜಿನ್ ತಿರುಗಿಸುವ ಜೋಡಿ ಆಕ್ಸಲ್) 34,900, ಟ್ರೈಲರಿನ ಜೋಡಿ ಆಕ್ಸಲ್ 32,600 ಎಂದು ಬಂತು ಅನ್ನಿ. ಒಟ್ಟು 79,400, ಆದರೂ ಡ್ರೈವ್ ಮೇಲೆ 900 ಹೆಚ್ಚು. ಸರಕು ಇಳಿಸಬೇಕಿಲ್ಲ. ಟ್ರೈಲರಿನ ಹಿಂದಿನ ಚಕ್ರಗಳ ಜೋಡಿ ಹಳಿಯ ಮೇಲೆ ಸರಿಯುತ್ತದೆ. ಪಿನ್ ಎಳೆದು, ಟ್ರೈಲರ್ ಬ್ರೇಕ್ ಹಿಡಿದು, ಟ್ರ್ಯಾಕ್ಟರನ್ನು ನಿಧಾನ ಹಿಂದಕ್ಕೆ ಒತ್ತಿದರೆ ಚಕ್ರಗಳು ಕ್ಯಾಬಿನ ಕಡೆ ಬಂದು ಭಾರ ಡ್ರೈವ್‌ನಿಂದ ಟ್ರೈಲರಿಗೆ ಹೋಗುತ್ತದೆ. ತೂತುಗಳ ಅಂತರ 4 ಇಂಚಿದ್ದರೆ ತೂತಿಗೆ ಹೆಚ್ಚೂಕಡಿಮೆ 250 ಪೌಂಡ್. ನಾಲ್ಕು ತೂತು ಸರಿಸಿದರೆ 33,900 ಮತ್ತು 33,600. ಪಿನ್ ಬಿಟ್ಟ ಮೇಲೆ ಇಳಿದು ಹೋಗಿ ನಾಲ್ಕೂ ಪಿನ್ ತೂತಿನಿಂದ ಹೊರಚಾಚಿದೆಯೇ ಎಂದು ಕಣ್ಣಾರೆ ನೋಡಬೇಕು, ಆಮೇಲೆ ಟ್ರೈಲರ್ ಬ್ರೇಕ್ ಹಿಡಿದೇ ಮುಂದಕ್ಕೆ ಒಮ್ಮೆ ಜಗ್ಗಬೇಕು. ಅರ್ಧ ಕೂತ ಪಿನ್ನು ಜೋರು ಬ್ರೇಕ್ ಹಾಕಿದಾಗ ಜಾರಿದರೆ ಇಡೀ ಪೆಟ್ಟಿಗೆ ಚಕ್ರದ ಮೇಲಿಂದ ಸರಿದುಬಿಡುತ್ತದೆ.

ವಾರ್ಷಿಕ ತಪಾಸಣೆ 12 ತಿಂಗಳಿಗೊಮ್ಮೆ, ಟ್ರ್ಯಾಕ್ಟರ್‌ಗೆ ಬೇರೆ, ಟ್ರೈಲರ್‌ಗೆ ಬೇರೆ. ವರದಿಯ ಪ್ರತಿ ಅಥವಾ ಸ್ಟಿಕ್ಕರ್ ಗಾಡಿಯಲ್ಲಿ ಇರಬೇಕು, ಮೂಲ ವರದಿ 14 ತಿಂಗಳು ಕಡತದಲ್ಲಿ. ಬೇರೆಯವರ ಟ್ರೈಲರ್ ಸಿಕ್ಕಿಸಿಕೊಂಡು ಹೊರಡುವಾಗ ಅದರ ಸ್ಟಿಕ್ಕರಿನ ತಿಂಗಳು ನೋಡದೆ ಹೊರಟರೆ ಉಲ್ಲಂಘನೆ ಬರೆಯುವುದು ಎಳೆದವನ ಹೆಸರಲ್ಲಿ.

ರಸ್ತೆ ಬದಿ ತಪಾಸಣೆಯಲ್ಲಿ ಲೆವೆಲ್ 1 ಎಂಬುದು 37 ಹಂತದ ಪೂರ್ಣ ಪರೀಕ್ಷೆ. ಅಧಿಕಾರಿ ಗಾಡಿಯ ಅಡಿಗೆ ಹೋಗುತ್ತಾನೆ. ಅವನ ಕೈಯಲ್ಲಿ ಸೀಮೆಸುಣ್ಣ, ಸ್ಕೇಲು. ಬ್ರೇಕ್ ಬಿಟ್ಟಿರುವಾಗ ಚೇಂಬರಿನಿಂದ ಹೊರಬರುವ ಪುಶ್ ರಾಡ್ ಮೇಲೆ ಗೆರೆ ಎಳೆಯುತ್ತಾನೆ. ಏರ್ 90ರಿಂದ 100 ಪಿಎಸ್‌ಐ ಇರುವಾಗ ಎಂಜಿನ್ ಆರಿಸಿ ಪೆಡಲ್ ಪೂರ್ತಿ ಒತ್ತಲು ಹೇಳಿ, ಗೆರೆ ಎಷ್ಟು ಸರಿಯಿತು ಅಳೆಯುತ್ತಾನೆ. ಸಾಮಾನ್ಯ ಟೈಪ್ 30 ಚೇಂಬರಿಗೆ ಮಿತಿ 2 ಇಂಚು, ಲಾಂಗ್ ಸ್ಟ್ರೋಕ್‌ಗೆ ಎರಡೂವರೆ. ಐದು ಆಕ್ಸಲ್ಲಿನ ಗಾಡಿಗೆ ಹತ್ತು ಬ್ರೇಕು. ನೂರಕ್ಕೆ ಇಪ್ಪತ್ತು ಕೆಟ್ಟಿದ್ದರೆ, ಅಂದರೆ ಎರಡೇ ಎರಡು ಮಿತಿ ದಾಟಿದ್ದರೆ ಗಾಡಿ ಅಲ್ಲೇ ನಿಂತಿತು. ರಿಪೇರಿಯಾಗದೆ ಕದಲುವಂತಿಲ್ಲ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಪುಶ್ ರಾಡಿನ ಓಟವನ್ನು ಹದದಲ್ಲಿಡುವ ಸ್ಲ್ಯಾಕ್ ಅಡ್ಜಸ್ಟರ್‌ಗಳು ಈಗ ಆಟೊಮ್ಯಾಟಿಕ್. ಸ್ಟ್ರೋಕ್, ಅಂದರೆ ಆ ಓಟ, ಹೆಚ್ಚಾಗಿದೆ ಎಂದು ಸ್ಪ್ಯಾನರ್ ಹಾಕಿ ತಿರುಗಿಸಿದರೆ ಆ ದಿನಕ್ಕೆ ಅಳತೆ ಸರಿಬರುತ್ತದೆ, ಆದರೆ ಒಳಗಿನ ಹಲ್ಲು ಸವೆಯುತ್ತದೆ, ಮೂಲ ರೋಗ ಮುಚ್ಚಿಹೋಗುತ್ತದೆ. ತಾನೇ ಸರಿಮಾಡಿಕೊಳ್ಳಬೇಕಾದ್ದು ಮಾಡಿಕೊಳ್ಳುತ್ತಿಲ್ಲವೆಂದರೆ ಎಸ್-ಕ್ಯಾಮ್ ಬುಷ್ ಸವೆದಿರುತ್ತದೆ, ಕ್ಲೆವಿಸ್ ಪಿನ್ ಆಡುತ್ತಿರುತ್ತದೆ, ಇಲ್ಲವೇ ಗ್ರೀಸ್ ಕಾಣದೆ ತಿಂಗಳುಗಳಾಗಿರುತ್ತದೆ. ಅದನ್ನು ಬದಲಿಸದೆ ಸ್ಪ್ಯಾನರ್ ತಿರುಗಿಸಿ ಘಾಟಿ ಇಳಿಯುವುದು ಜೀವಕ್ಕೆ ಅಪಾಯ. ಇಳಿಜಾರಿನಲ್ಲಿ ಡ್ರಮ್ ಕಾದು ಹಿಗ್ಗಿದಂತೆ ಸ್ಟ್ರೋಕ್ ಇನ್ನೂ ಉದ್ದವಾಗುತ್ತದೆ, ಸಮತಟ್ಟಿನಲ್ಲಿ ಕಾಲಿಂಚು ಬಾಕಿ ಇದ್ದದ್ದು ಬುಡದಲ್ಲಿ ಏನೂ ಉಳಿದಿರುವುದಿಲ್ಲ. ಯಾರ್ಡಿನಲ್ಲಿ ವಾರಗಟ್ಟಲೆ ನಿಂತ ಟ್ರೈಲರ್ ತೆಗೆದುಕೊಳ್ಳುವಾಗ ಇದನ್ನು ಮೊದಲು ನೋಡಿ.

ಉಳಿದದ್ದು ಬೇಗ ಹೇಳಬಹುದು. ಮುಂದಿನ ಟಯರಿನ ಗೀರಿನ ಆಳ ಕನಿಷ್ಠ ಇಂಚಿನ 32ರಲ್ಲಿ 4 ಭಾಗ ಇರಬೇಕು, ಉಳಿದವಕ್ಕೆ 2 ಭಾಗ. ಟ್ರೈಲರಿನ ಎಡ ಹಿಂಬದಿಯ ಹಳದಿ ಎಬಿಎಸ್ ದೀಪ ಕೀ ಹಾಕಿದಾಗ ಹೊತ್ತಿ ಆರಬೇಕು. ಹೊತ್ತದಿದ್ದರೆ ಬಲ್ಬ್ ಹೋಗಿದೆ, ಆರದಿದ್ದರೆ ಎಬಿಎಸ್ ಕೆಟ್ಟಿದೆ, ಎರಡೂ ಉಲ್ಲಂಘನೆಯೇ. ಬೆಂಕಿ ನಂದಿಸುವ ಸಿಲಿಂಡರ್ ಅಲುಗದಂತೆ ಬಿಗಿದಿರಬೇಕು, ಸೀಟಿನ ಹಿಂದೆ ಉರುಳಾಡುತ್ತಿದ್ದರೆ ಇದ್ದೂ ಇಲ್ಲದ ಲೆಕ್ಕ. ಮೂರು ತ್ರಿಕೋನ ಫಲಕ ಬೇಕು, ಗಾಡಿ ನಿಂತ ಹತ್ತು ನಿಮಿಷದೊಳಗೆ ಇಡಬೇಕು.

ಲೆವೆಲ್ 1ರಲ್ಲಿ ಗಾಡಿಯ ಮುಖ್ಯ ಭಾಗಗಳಲ್ಲಿ ತಪ್ಪು ಕಾಣದಿದ್ದರೆ ಬಣ್ಣದ ಸ್ಟಿಕ್ಕರ್ ಅಂಟಿಸುತ್ತಾರೆ, ಹೆಚ್ಚೆಂದರೆ ಮೂರು ತಿಂಗಳು ನಡೆಯುತ್ತದೆ. ತಪ್ಪು ಸಿಕ್ಕರೆ ವರದಿಯನ್ನು 24 ಗಂಟೆಯೊಳಗೆ ಮಾಲೀಕನಿಗೆ ತಲುಪಿಸಬೇಕು. ಅವನು ರಿಪೇರಿ ಮಾಡಿಸಿ ಸಹಿ ಹಾಕಿ 15 ದಿನದಲ್ಲಿ ಇಲಾಖೆಗೆ ಕಳಿಸಬೇಕು, ಪ್ರತಿ 12 ತಿಂಗಳು ಇಟ್ಟುಕೊಳ್ಳಬೇಕು. ಉಲ್ಲಂಘನೆ ಕಂಪನಿಯ ಖಾತೆಯಲ್ಲಿ ಎರಡು ವರ್ಷ ಅಂಕವಾಗಿ ಕೂರುತ್ತದೆ, ಚಾಲಕನ ದಾಖಲೆಯಲ್ಲಿ ಮೂರು ವರ್ಷ ಕಾಣುತ್ತದೆ, ವಿಮೆಯ ಕಂತು ನಿರ್ಧಾರವಾಗುವಾಗ ಅದನ್ನೂ ನೋಡುತ್ತಾರೆ. ಅಧಿಕಾರಿ ತಪ್ಪಾಗಿ ಬರೆದಿದ್ದರೆ ಡೇಟಾಕ್ಯೂಸ್ ಎಂಬ ಸರ್ಕಾರಿ ಜಾಲತಾಣದಲ್ಲಿ ತಕರಾರು ಹಾಕಬಹುದು. ಅದಕ್ಕೆ ಫೋಟೊ, ರಿಪೇರಿ ರಸೀದಿ, ದಿನಾಂಕ ಬೇಕು, ಹಾಗಾಗಿ ಗಾಡಿ ನಿಂತ ಜಾಗದಲ್ಲೇ ಸ್ಕೇಲು ಹಿಡಿದು ಫೋಟೊ ತೆಗೆದುಕೊಳ್ಳಿ.